ಎಂಗೂ ಓಯ್ತಿದ್ದೀಯಲ್ಲ

ಹೊರಗೆ ಹೊರಟವನನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಕಡೆ ಅಪಶಕುನವೇನೋ ಎಂಬ ಅನುಮಾನ ನನಗೆ ಬಹಳ ದಿನಗಳಿಂದ ಇದೆ. ಚಪ್ಪಲಿ ಮೆಟ್ಟಿಕೊಳ್ಳುವವರೆಗೆ ಮನೆಯಲ್ಲಿ ಯಾರಿಗೂ ಏನೂ ಬೇಕಾಗಿರುವುದಿಲ್ಲ. ಗಾಡಿಯ ಸದ್ದು ಕೇಳಿದ್ದೇ ತಡ, ಅಡುಗೆಮನೆಯಲ್ಲಿ ಜೀರಿಗೆ ಮುಗಿದಿರುತ್ತದೆ, ಪಕ್ಕದ ಮನೆಯವರ ಮಿಕ್ಸಿ ಜಾರು ರಿಪೇರಿಯಾಗಿ ಅಂಗಡಿಯಲ್ಲಿ ಕಾಯುತ್ತಿರುತ್ತದೆ, ಎದುರುಮನೆಯ ಅಜ್ಜಿಗೆ ಕಣ್ಣಿಗೆ ಹಾಕುವ ಔಷಧಿ ಜ್ಞಾಪಕಕ್ಕೆ ಬರುತ್ತದೆ. ಇವರೆಲ್ಲರೂ ತಮ್ಮ ಅಹವಾಲನ್ನು ಮಂಡಿಸುವುದು ಒಂದೇ ಪೀಠಿಕೆಯಿಂದ: "ಎಂಗೂ ಓಯ್ತಿದ್ದೀಯಲ್ಲ..." ಹೇಗೂ ಹೋಗುತ್ತಿದ್ದೀಯಲ್ಲ ಎಂಬ ಈ ಮಾತನ್ನು ಕೇಳಿದ ಮೇಲೆ ಇಲ್ಲವೆನ್ನುವ ಎದೆಗಾರಿಕೆ ಯಾರಿಗಾದರೂ ಇದ್ದರೆ ಅವರ ಪಾದ ತೋರಿಸಿ, ನಮಸ್ಕಾರ ಮಾಡುತ್ತೇನೆ. ನೀವೂ ನನ್ನ ಹಾಗೆ ಒಂದಲ್ಲ ಒಂದು ದಿನ ಈ ಮಾತಿಗೆ ಸಿಕ್ಕಿಬಿದ್ದವರೇ ಇರಬೇಕು.

ಹೊಟ್ಟೆಪಾಡಿಗೆ ನಾನು ಒಂದು ಪ್ರವಾಸಿ ಹಡಗಿನಲ್ಲಿ ದುಡಿಯುತ್ತೇನೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿ ಹಳಗನ್ನಡದ ಪದ್ಯಗಳ ಮಡಿಕೆ ಬಿಡಿಸುವುದರಲ್ಲಿ ಪಳಗಿದ್ದ ಕೈಗಳು ಈಗ ಅತಿಥಿಗಳ ಹಾಸಿಗೆಯ ಮಡಿಕೆ ಸರಿಪಡಿಸುತ್ತವೆ. ಸ್ನಾನದ ಟವೆಲುಗಳನ್ನು ಹಂಸ, ಆಮೆ, ಆನೆಗಳ ಆಕಾರಕ್ಕೆ ಸುತ್ತಿ ದಿಂಬಿನ ಮೇಲೆ ಕೂರಿಸುತ್ತವೆ. ಕಟ್ಟೆಮಳಲವಾಡಿಯ ನಮ್ಮ ಬೀದಿಗೆ ಈ ವಿವರಗಳು ತಿಳಿಯವು. ಕೇಳಿದವರಿಗೆ ಅಮ್ಮ "ಅಡಗ್ನಲ್ಲವ್ನೆ" ಎಂದಷ್ಟೇ ಹೇಳಿ ಸುಮ್ಮನಾಗುವುದರಿಂದ ಅರ್ಧ ಊರು ನನ್ನನ್ನು ಹಡಗು ನಡೆಸುವವನೆಂದೇ ನಂಬಿದೆ. ಆ ನಂಬಿಕೆಯನ್ನು ಕೆಡಿಸುವಷ್ಟು ನಿಷ್ಠುರ ಸತ್ಯವಾದಿ ನಾನಲ್ಲ.

ಹಡಗು ಬಂದರಿಗೆ ಬಂದಾಗ ನಾವು ಕೆಲಸಗಾರರೂ ಕೆಲವು ಗಂಟೆ ನೆಲಕ್ಕಿಳಿಯುತ್ತೇವೆ. ದೇಶ ನೋಡಲು ಇಳಿಯುತ್ತೇವೆಂದು ನೀವು ತಿಳಿದಿದ್ದರೆ ತಪ್ಪು. ನನ್ನ ಸರದಿ ಬಂತೆಂದರೆ ಅಕ್ಕಪಕ್ಕದ ಕೋಣೆಗಳ ಗೆಳೆಯರು ಒಬ್ಬೊಬ್ಬರಾಗಿ ಬಾಗಿಲಲ್ಲಿ ಪ್ರತ್ಯಕ್ಷರಾಗುತ್ತಾರೆ; ಒಬ್ಬನಿಗೆ ತಲೆಗೆ ಹಚ್ಚುವ ಎಣ್ಣೆ, ಒಬ್ಬನಿಗೆ ಫೋನಿನ ಸಿಮ್ಮು, ಇನ್ನೊಬ್ಬನಿಗೆ ಅವನ ಊರಿನ ರುಚಿಯ ನೂಡಲ್ಸು. ಫಿಲಿಪೀನ್ಸಿನವನು ತನ್ನ ಇಂಗ್ಲಿಷಿನಲ್ಲಿ, ಗೋವೆಯವನು ಕೊಂಕಣಿ ಬೆರೆತ ಹಿಂದಿಯಲ್ಲಿ ಹೇಳುವುದು ನಮ್ಮ ಬೀದಿಯ ಮಾತನ್ನೇ. ಹೀಗಾಗಿ ಲೋಕವೆಲ್ಲ ಹಾಡಿ ಹೊಗಳುವ ಒಂದು ಗೋಪುರದ ಬೆನ್ನನ್ನು ಮಾತ್ರ ನಾನು ನೋಡಿದ್ದೇನೆ. ಮುಖದರ್ಶನಕ್ಕೆ ಪುರಸೊತ್ತಾಗಲಿಲ್ಲ, ಎಣ್ಣೆ ಸೋಪಿನ ಅಂಗಡಿ ಇದ್ದದ್ದು ಬೆನ್ನಿನ ಕಡೆ.

ಈ ಸಲದ ರಜೆ ಮುಗಿಯಲು ಎರಡು ದಿನವಿದ್ದಾಗ ನನಗಿದ್ದ ಕೆಲಸ ಒಂದೇ: ಹುಣಸೂರಿಗೆ ಹೋಗಿ ಡ್ಯೂಟಿಗೆ ಒಂದು ಜೊತೆ ಕಪ್ಪು ಬೂಟು ಕೊಳ್ಳುವುದು. ಹೊಗೆಸೊಪ್ಪಿನ ಬೇಲುಗಳ ಜೊತೆ ಲಾರಿಯಲ್ಲಿ ಬೆಳಗ್ಗೆಯೇ ಪಿರಿಯಾಪಟ್ಟಣದ ಹರಾಜಿಗೆ ಹೋಗಿದ್ದ ಚಿಕ್ಕಪ್ಪನ ಕಾರು ಮನೆಯಲ್ಲೇ ಇತ್ತು. ಕಾರಿಗೆ ಡಿಕ್ಕಿ ಇರುತ್ತದೆ, ಡಿಕ್ಕಿ ಖಾಲಿ ಇರುತ್ತದೆ ಎಂಬ ಎರಡು ಸಂಗತಿಗಳನ್ನು ನಾನು ಮರೆತದ್ದೇ ಅನಾಹುತಕ್ಕೆ ಕಾರಣವಾಯಿತು. ಅಮ್ಮ ಚಿಕ್ಕಪ್ಪನಿಗೆಂದು ಮುದ್ದೆ, ಸೊಪ್ಪಿನ ಸಾರಿನ ಕ್ಯಾರಿಯರ್ ತಂದಿಟ್ಟಳು. ಕೆ.ಆರ್. ನಗರದ ನೆಂಟರ ಮನೆಯಿಂದ ಅನ್ನ ಮಾಡುವ ದೊಡ್ಡ ಪಾತ್ರೆ ತರಬೇಕೆಂದಾಯಿತು. ತವರಿಗೆ ಬಂದಿದ್ದ ನನ್ನಕ್ಕ ಸವಿತ, ಮಗಳ ರೇಷ್ಮೆ ಲಂಗವನ್ನು ಎಚ್.ಡಿ. ಕೋಟೆಯ ತನ್ನ ಮನೆಯಲ್ಲೇ ಮರೆತು ಬಂದಿರುವುದಾಗಿ ಘೋಷಿಸಿದಳು. ಪಿರಿಯಾಪಟ್ಟಣ ಪಡುವಣಕ್ಕೆ, ಕೆ.ಆರ್. ನಗರ ಮೂಡಣದ ಕಡೆಗೆ, ಕೋಟೆ ತೆಂಕಣಕ್ಕೆ. ಇವೆಲ್ಲ ಬೂಟಿನಂಗಡಿಯ ದಾರಿಯಲ್ಲೇ ಇರುವಂತೆ ಎಲ್ಲರೂ ಮಾತಾಡುತ್ತಿದ್ದರು. ಕೊನೆಗೆ ಅಕ್ಕ ತನ್ನ ಮಗಳು ಗಾನವಿಯನ್ನೇ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದಳು.

"ಎಂಗೂ ಓಯ್ತಿದ್ದೀಯಲ್ಲ, ಇವ್ಳ್ನೂ ಕರ್ಕೊಂಡೋಗ್ಲಾ. ನಂಗೆ ಕೈತುಂಬ ಕೆಲ್ಸ ಅದೆ."

ಕೈತುಂಬ ಕೆಲಸ ಇದ್ದದ್ದು ನಿಜ. ಮಾರನೆಯ ಬೆಳಗ್ಗೆ ಸಾಲಿಗ್ರಾಮದ ಬಳಿ, ಹೊಳೆದಂಡೆಯ ನಮ್ಮ ಮನೆದೇವರ ಗುಡಿಯಲ್ಲಿ ಗಾನವಿಯ ಮುಡಿ ತೆಗೆಸುವುದಿತ್ತು. ನಮ್ಮಲ್ಲಿ ಮಗುವಿನ ಹುಟ್ಟುಗೂದಲನ್ನು ತೆಗೆಸುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕುಡಿಯನ್ನು ಅವನೇ ಕತ್ತರಿಸಬೇಕು. ಮಗುವಿಗೆ ವರ್ಷ ತುಂಬುವ ಮೊದಲೇ ಮುಗಿಯಬೇಕಾದ ಶಾಸ್ತ್ರ ಇದು. ಆದರೆ ಆ ವರ್ಷ ನನಗೆ ರಜೆ ಸಿಗಲಿಲ್ಲ. ಬೆಸ ವರ್ಷವೇ ಆಗಬೇಕೆಂದು ಮೂರನೆಯದಕ್ಕೆ ಕಾದರೆ ನಾನು ಬಂದ ವಾರವೇ ದಾಯಾದಿಗಳಲ್ಲಿ ಸಾವಾಗಿ ಸೂತಕ ಬಂತು. ಚಿಕ್ಕಪ್ಪನ ಮಗನ ತೊಡೆಯ ಮೇಲೆ ಕೂರಿಸಿ ಮುಗಿಸಿಬಿಡು ಎಂದು ಅಕ್ಕನಿಗೆ ಎಲ್ಲರೂ ಹೇಳಿದರು. ಅವಳ ಅತ್ತೆ ಹೇಳಿದರು, ಭಾವ ಹೇಳಿದರು, ಫೋನಿನಲ್ಲಿ ನಾನೂ ಹೇಳಿದೆ. ಅವಳದು ಒಂದೇ ಹಟ: "ನನ್ ತಮ್ಮ ಇರೋವಾಗ ಇನ್ನೊಬ್ರ ತೊಡೆ ಯಾಕೆ? ಬರ್ಲಿ, ಕಾಯ್ತೀನಿ."

ಕಾಯುವುದರಲ್ಲಿ ಒಂದು ತೊಡಕಿದೆ. ಕಾಯುವವರು ನಿಂತಲ್ಲೇ ನಿಂತರೂ ಮಕ್ಕಳು ನಿಲ್ಲುವುದಿಲ್ಲ. ತೊಟ್ಟಿಲಿನ ಮಗುವಿಗೆ ಕೂದಲು ಹೋದರೆ ಗೊತ್ತೇ ಆಗುತ್ತಿರಲಿಲ್ಲ. ಈಗ ಐದರಲ್ಲಿದ್ದ ಗಾನವಿಯ ಬೆನ್ನಿನ ತುಂಬ, ಕತ್ತರಿ ಕಾಣದ, ತುದಿಯಲ್ಲಿ ಸುರುಳಿಯಾದ ಕಪ್ಪು ಕೂದಲಿತ್ತು. ಅದನ್ನು ಅವಳು ತಾನೇ ಬಾಚುತ್ತಾಳೆ, ಕನ್ನಡಿಯಲ್ಲಿ ಅದರ ಜೊತೆ ಮಾತಾಡುತ್ತಾಳೆ, ಮಲಗುವಾಗ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ನಾಳೆಯ ಸಂಗತಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನನ್ನನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೇ. ಫೋನಿನ ಗಾಜಿನೊಳಗಿನ ಮಾವನಿಗೂ ಎದುರಿಗೆ ಬಂದು ನಿಂತ ಈ ದಢೂತಿಗೂ ಹೊಂದಾಣಿಕೆಯಾಗದೆ ಬಾಗಿಲ ಸಂದಿಯಿಂದಲೇ ನನ್ನನ್ನು ಪರಿಶೀಲಿಸುತ್ತಿದ್ದಳು. ಒಲಿಸಿಕೊಳ್ಳೋಣವೆಂದು ಟವೆಲಿನಲ್ಲಿ ಆನೆ ಮಾಡಿ ಮುಂದಿಟ್ಟಿದ್ದೆ. ಹಡಗಿನಲ್ಲಿ ಅದನ್ನು ಕಂಡ ಅತಿಥಿಗಳು ಫೋಟೋ ತೆಗೆದುಕೊಳ್ಳುತ್ತಾರೆ. ಗಾನವಿಯ ಮನೆಯ ಹಿಂದಿನ ಹೊಲಕ್ಕೆ ಕಾಡಿನಿಂದ ನಿಜವಾದ ಆನೆಗಳೇ ಬರುವುದರಿಂದ ಅವಳು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಇದು ಅಂದಿ" ಎಂದು ತೀರ್ಪು ಕೊಟ್ಟು ಹೊರಟುಹೋಗಿದ್ದಳು.

ಆದರೆ ಚಲಿಸುವ ಕಾರಿನಲ್ಲಿ ಮುನಿಸು ಬಹಳ ದೂರ ಬರುವುದಿಲ್ಲ. ಹುಣಸೂರಿನಲ್ಲಿ ನನ್ನ ಬೂಟನ್ನು ಅವಳೇ ಆರಿಸಿದಳು; ಪಿರಿಯಾಪಟ್ಟಣದ ಹಾದಿಯಲ್ಲಿ ಕಿಟಕಿ ಇಳಿಸಿಕೊಂಡು, ಗಾಳಿಗೆ ಹಾರುವ ಕೂದಲನ್ನು ನನ್ನ ಮುಖದ ಮೇಲೆಲ್ಲ ಆಡಿಸುತ್ತ ಕಿಲಕಿಲ ನಕ್ಕಳು. ಕಣ್ಣಿಗೆ, ಬಾಯಿಗೆ ಕೂದಲು ಮೆತ್ತಿಕೊಂಡು ರಸ್ತೆ ಸರಿಯಾಗಿ ಕಾಣದಿದ್ದರೂ, ನನ್ನ ಜನ್ಮದಲ್ಲಿ ಅಷ್ಟು ಸುಖವಾಗಿ ಗಾಡಿ ಓಡಿಸಿದ ನೆನಪಿಲ್ಲ. ಹರಾಜಿನ ಅಂಗಳದಲ್ಲಿ ಹೊಗೆಸೊಪ್ಪಿನ ಘಾಟಿಗೆ ಸೀನುತ್ತಲೇ ಅವಳು ಕ್ಯಾರಿಯರ್ ಒಪ್ಪಿಸಿದಳು. ಚಿಕ್ಕಪ್ಪ ಪ್ರೀತಿಯಿಂದ ಅವಳ ತಲೆ ಸವರಿ, "ಏನವ್ವ, ನಾಳೆ ಗುಂಡು ಒಡಿಸ್ತಾರಂತೆ ನಿಂಗೆ" ಎಂದುಬಿಟ್ಟರು. ಇಡೀ ಸಂಸಾರ ಕಾಪಾಡಿಕೊಂಡು ಬಂದಿದ್ದ ಗುಟ್ಟು ಮುದ್ದೆಯ ಮೊದಲ ತುತ್ತಿನ ಜೊತೆಯಲ್ಲೇ ಕರಗಿಹೋಯಿತು.

ಕಾರಿಗೆ ಮರಳಿದ ಮೇಲೆ ಅವಳು ಕಿಟಕಿಯ ಗಾಜು ಏರಿಸಿಬಿಟ್ಟಳು. ಆಮೇಲೆ ರಸ್ತೆಯನ್ನೇ ನೋಡುತ್ತ ಕೇಳಿದಳು.

"ಯಾರು ಕತ್ತರ್ಸೋದು?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. "ಮೊದ್ಲು ನಾನೇ ಕಣವ್ವ," ಎಂದೆ.

ಅವಳು ಅಳುತ್ತಾಳೆಂದುಕೊಂಡೆ. ಅತ್ತಿದ್ದರೆ ವಾಸಿಯಿತ್ತು. ಅವಳು ಬಾಗಿಲಿಗೆ ಒತ್ತಿ ಸರಿದು, ಕೂದಲನ್ನೆಲ್ಲ ಮುಂದಕ್ಕೆ ಎಳೆದು ಫ್ರಾಕಿನೊಳಗೆ ಸೇರಿಸಿಕೊಂಡು, ಎರಡೂ ಕೈಯಿಂದ ಎದೆಗೆ ಅವಚಿ ಕೂತಳು. ಹುಣಸೂರು ದಾಟಿ ಕೆ.ಆರ್. ನಗರ ಬರುವವರೆಗೂ ಆ ಕೈ ಸಡಿಲಲಿಲ್ಲ. ಅಲ್ಲಿ ನನಗೆ ಪಾತ್ರೆಯ ಜೊತೆಗೆ ಇನ್ನೊಂದು ಕೆಲಸವೂ ಅಂಟಿತ್ತು: ಮುಡಿ ತೆಗೆಯುವ ಹಿರಿಯರ ಮನೆಗೆ ಹೋಗಿ ಬೆಳಗ್ಗೆ ಗುಡಿಗೆ ಬರಲು ಹೇಳುವುದು. ಊರೂರ ಬಂದರುಗಳಲ್ಲಿ ಏನೇನೋ ಕೆಲಸ ಮಾಡಿಕೊಟ್ಟಿದ್ದೇನೆ. ಇಷ್ಟು ಭಾರವಾದದ್ದನ್ನು ಹೊತ್ತಿರಲಿಲ್ಲ. ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಮನೆಯಲ್ಲಿ ಯಾರೂ ಇರಲಿಲ್ಲವೆಂದು ಹೇಳಿ ಹಿಂತಿರುಗಿಬಿಡೋಣವೆನಿಸಿತು. ನನಗೋಸ್ಕರ ಇಷ್ಟು ವರ್ಷ ಕಾದ ಅಕ್ಕ ಒಂದು ಕಡೆ, ಆ ಕಾಯುವಿಕೆಯಲ್ಲೇ ಬೆಳೆದುಬಿಟ್ಟ ಕೂದಲಿನೊಡತಿ ಇನ್ನೊಂದು ಕಡೆ. ಇಬ್ಬರನ್ನೂ ನಾನು ಪ್ರಾಣದಂತೆ ಪ್ರೀತಿಸುತ್ತೇನೆ, ಯಾರ ಮನಸ್ಸು ನೋಯಿಸಲಿ? ಕೊನೆಗೆ ಇಳಿದು ಹೋಗಿ ಹೇಳಿ ಬಂದೆ. ಬರುವಾಗ ನನ್ನ ಮುಖ ಹೇಗಿತ್ತೋ, ಗಾನವಿ ಮೊದಲ ಸಲ ನನ್ನ ಕಡೆ ತಿರುಗಿ ಕೂತಳು.

ಎಚ್.ಡಿ. ಕೋಟೆಯ ದಾರಿಯಲ್ಲಿ ಬಿಸಿಲು ಇಳಿಯುತ್ತಿದ್ದಾಗ ಅವಳೇ ಮಾತು ತೆಗೆದಳು.

"ನಾಳಿದ್ದು ನೀನೂ ಓಯ್ತೀಯಾ ಮಾವ?"

"ಊಂ."

"ಇಷ್ಟನಾ?"

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಸಂಬಳ ಕೇಳಿದ್ದಾರೆ, ಸಮುದ್ರ ಎಷ್ಟು ಆಳ ಎಂದು ಕೇಳಿದ್ದಾರೆ. "ಇಷ್ಟ ಇಲ್ಲ ಕಣವ್ವ," ಎಂದೆ. "ಆದ್ರೆ ಮತ್ತೆ ಬತ್ತೀನಲ್ಲ."

ಅವಳು ಇದನ್ನು ಬಹಳ ಗಂಭೀರವಾಗಿ ಮಥಿಸಿದಳು. ರಸ್ತೆಬದಿಯ ಹತ್ತಿ ಹೊಲಗಳು ಹಿಂದೆ ಹಿಂದೆ ಸರಿಯುತ್ತಿದ್ದವು.

"ಕೂದ್ಲೂ ಬತ್ತದಾ?"

"ಬತ್ತದೆ."

"ನೀನ್ ಬರೋ ಒತ್ಗಾ?"

ಎಡಗೈಯಿಂದ ಅವಳ ಕಿವಿಯ ತುದಿ ಮುಟ್ಟಿ ತೋರಿಸಿದೆ. "ನಾನ್ ಬರೋ ಒತ್ಗೆ ಇಲ್ಲಿಗ್ ಬಂದಿರ್ತದೆ." ಅವಳು ಒಂದು ಕೈ ಬಿಡಿಸಿಕೊಂಡು ತಾನೂ ಕಿವಿಯನ್ನು ಮುಟ್ಟಿ ನೋಡಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಫ್ರಾಕಿನೊಳಗಿದ್ದ ಕೂದಲು ಹೊರಗೆ ಬಂತು. ಕೋಟೆ ಬರುವಷ್ಟರಲ್ಲಿ ಮತ್ತೆ ನನ್ನ ಮುಖದ ಮೇಲಿತ್ತು.

ಮಾರನೆಯ ಬೆಳಗ್ಗೆ ಆ ರೇಷ್ಮೆ ಲಂಗ ಉಟ್ಟು ಅವಳು ನನ್ನ ತೊಡೆಯ ಮೇಲೆ ಕೂತಳು. ಯಾರೂ ಹಿಡಿದುಕೊಳ್ಳಬೇಕಾಗಲಿಲ್ಲ, ನನ್ನ ಎಡಗೈಯ ಹೆಬ್ಬೆರಳನ್ನು ಅವಳೇ ಹಿಡಿದುಕೊಂಡಿದ್ದಳು. ಕತ್ತರಿ ನನ್ನ ಕೈಗೆ ಬಂದಾಗ ನಡುಗಿದ್ದು ನಾನು. ಸಮುದ್ರ ಉಕ್ಕಿದ ದಿನವೂ ತಟ್ಟೆ ಲೋಟ ಬೀಳಿಸದ ಕೈ ನನ್ನದು ಎಂದು ಜಂಬ ಕೊಚ್ಚುತ್ತಿದ್ದವನು, ಕಲ್ಲಿನ ಹಾಗೆ ಗಟ್ಟಿಯಾದ ನೆಲದ ಮೇಲೆ ಕೂತು, ಒಂದು ಎಳೆ ಕೂದಲು ಕತ್ತರಿಸಲಾರದೆ ಅದುರುತ್ತಿದ್ದೆ. ಎದುರಿಗೆ ಸೆರಗೊಡ್ಡಿ ಕೂತಿದ್ದ ಅಕ್ಕನ ಕಣ್ಣಲ್ಲಿ ನೀರು. ಆಗ ಗಾನವಿ ಹಿಂದಕ್ಕೆ ತಿರುಗದೆಯೇ ಹೇಳಿದಳು:

"ಬೇಗ ಕತ್ತರ್ಸು ಮಾವ. ಬೆಳೀಬೇಕಲ್ಲ."

ಕತ್ತರಿಸಿದೆ. ಮೊದಲ ಕುಡಿ ಅಕ್ಕನ ಸೆರಗಿಗೆ ಬಿತ್ತು. ಉಳಿದದ್ದನ್ನು ಆ ಹಿರಿಯರು ಹೂ ಬಿಡಿಸಿದಷ್ಟು ಹಗುರವಾಗಿ ತೆಗೆದರು. ಅಕ್ಕ ಅದನ್ನೆಲ್ಲ ಹೊಳೆಗೆ ಬಿಟ್ಟು ಬಂದು, ನಾನು ಚಿಕ್ಕವನಾಗಿದ್ದಾಗ ಮಾಡುತ್ತಿದ್ದಂತೆ ನನ್ನ ತಲೆಗೂದಲನ್ನು ಒಮ್ಮೆ ಕೆದರಿ ಹೋದಳು.

ಹೊರಡುವ ದಿನ ಬಾಗಿಲಲ್ಲಿ ಎಲ್ಲರೂ ನೆರೆದಿದ್ದರು. ಯಾರೂ ಏನೂ ತರಲು ಹೇಳಲಿಲ್ಲ. ಹಡಗಿಗೆ ಹೋಗುವವನಿಗೆ ಜೀರಿಗೆ ತಾರೆಂದು ಯಾರು ಹೇಳುತ್ತಾರೆ? ಪ್ರತಿಸಲವೂ ನನ್ನನ್ನು ಕಾಡುವುದು ಆ ನಿಶ್ಶಬ್ದವೇ ಎಂದು ಅಂದು ಹೊಳೆಯಿತು. ಇಷ್ಟು ಕಾಲ ನಾನು ಗೊಣಗಿದ ಆ ಮಾತು ಬರೀ ಸಾಮಾನು ತರಿಸುವ ಉಪಾಯವಲ್ಲ. ಸಂಜೆಗೆ ಇವನು ತಿರುಗಿ ಬರುತ್ತಾನೆಂಬ ಭರವಸೆ ಇರುವವರು ಮಾತ್ರ ಅದನ್ನು ಆಡಬಲ್ಲರು. ಅದನ್ನು ಕೇಳದೆ ಹೊರಡುವವನ ಚೀಲ ಎಷ್ಟೇ ತುಂಬಿದ್ದರೂ ಬರಿಗೈಯೇ. ಹಾಗೆಂದುಕೊಂಡು ಕಾರಿನ ಬಾಗಿಲು ತೆಗೆಯುತ್ತಿದ್ದಾಗ, ಎಣ್ಣೆ ಹಚ್ಚಿ ಫಳಫಳಿಸುವ ಬೋಳುತಲೆಯೊಂದು ಅಕ್ಕನ ಕಂಕುಳಿನಿಂದ ಇಳಿದು ಓಡಿ ಬಂದು ನನ್ನ ಪ್ಯಾಂಟನ್ನು ಜಗ್ಗಿತು.

"ಮಾವ, ಎಂಗೂ ಬತ್ತೀಯಲ್ಲ, ಬರುವಾಗ ಕ್ಲಿಪ್ಪು ತಕ್ಕೊಂಬಾ. ಕೆಂಪುಂದು."

ಕಳೆದ ವಾರ ಒಂದು ಬಂದರಿನಲ್ಲಿ ಇಳಿದೆ. ಎಂದಿನಂತೆ ಗೆಳೆಯರೆಲ್ಲರ ಎಣ್ಣೆ, ಸಿಮ್ಮು, ನೂಡಲ್ಸು ನನ್ನ ತಲೆಯ ಮೇಲಿದ್ದವು, ಗೊಣಗದೆ ಹೊತ್ತೆ. ಆದರೆ ಅವೆಲ್ಲಕ್ಕಿಂತ ಮೊದಲು ಒಂದು ಕೆಂಪು ಕ್ಲಿಪ್ಪು ಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಊರಿಗೆ ಹೋಗಲು ಇನ್ನೂ ಬಹಳ ತಿಂಗಳಿದೆ. ಇರಲಿ, ಎಂಗೂ ಓಯ್ತೀನಲ್ಲ.