ಸ್ಯಾಂ ಮಾಲೋದಲ್ಲಿ ನೀರು ಬಂದ ಸಂಜೆ

ಇಂಥದ್ದನ್ನು ನಾನು ಬರೆಯುತ್ತೇನೆಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ವಾಡಿ ಜಂಕ್ಷನ್ನಿನಲ್ಲಿ ಇಂಜಿನ್ ಓಡಿಸಿ ರಿಟೈರ್ ಆದವನು ನಾನು. ರಾತ್ರಿ ಗಾಡಿ ಓಡಿಸುವ ಮಂದಿಯಲ್ಲಿ ದೆವ್ವದ ಕಥೆಗಳಿಗೇನೂ ಕಡಿಮೆಯಿಲ್ಲ. ಹಳಿ ಮೇಲೆ ನಿಂತು ಕೈ ಮಾಡುವ ಹೆಂಗಸು, ಓಡುವ ಇಂಜಿನ್ನಿನ ಬಾಗಿಲು ಬಡಿಯುವ ಮುದುಕ, ಹೀಗೆ ಒಬ್ಬೊಬ್ಬರದು ಒಂದೊಂದು. ನಿದ್ದೆಗೆಟ್ಟ ಕಣ್ಣಿಗೆ ಸಿಗ್ನಲ್ ಕಂಬವೂ ಕೈ ಬೀಸುತ್ತದೆ, ಹೋಗಿ ಮಲಗಿರಿ ಎಂದು ಎಲ್ಲರನ್ನೂ ಬೈಯುತ್ತಿದ್ದವನು ನಾನೇ. ಈಗ ನನ್ನ ಮಾತು ಓದಿ ನೀವು ಹಾಗೇ ಬೈದರೂ ನನಗೆ ಸಿಟ್ಟಿಲ್ಲ.

ನಮ್ಮಾಕಿ, ನನ್ನ ಹೆಂಡತಿ ನೀಲಮ್ಮ, ಶಹಾಬಾದದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ತವರು ಚಿಂಚೋಳಿ ಕಡೆ. ಅವಳು ಕಣ್ಣಾರೆ ಕಂಡ ದೊಡ್ಡ ನೀರೆಂದರೆ ಚಂದ್ರಂಪಳ್ಳಿ ಡ್ಯಾಮು ಅಷ್ಟೇ. ಒಮ್ಮೆಯೂ ಸಮುದ್ರ ನೋಡದೆ ಇಡೀ ನೌಕರಿ ಸಮುದ್ರದ ಉಬ್ಬರ ಇಳಿತ ಪಾಠ ಮಾಡಿದಳು. ಗೋವಾಕ್ಕೆ ಹೋಗೋಣ ನಡಿ ಎಂದರೆ ಒಲ್ಲೆ ಎನ್ನುತ್ತಿದ್ದಳು. ಅವಳ ಮನಸ್ಸು ಹತ್ತಿದ್ದು ಫ್ರಾನ್ಸಿನ ಉತ್ತರದ ದಂಡೆಗೆ. ಅಲ್ಲಿ ನೀರು ಇಳಿದರೆ ಸಮುದ್ರದ ತಳವೇ ಬಯಲಾಗುತ್ತದಂತೆ, ನಡುಗಡ್ಡೆಗೆ ನಡೆದುಕೊಂಡು ಹೋಗಬಹುದಂತೆ, ತಿರುಗಿ ಬಂದರೆ ಮನೆಯೆತ್ತರ ಬರುತ್ತದಂತೆ. ದಂಡೆಯುದ್ದಕ್ಕೂ ಹಳೇ ಕೋಟೆ ಊರುಗಳು: ಓನ್‌ಫ್ಲರ್, ಗ್ರಾನ್‌ವಿಲ್, ಕಡೆಗೆ ಸ್ಯಾಂ ಮಾಲೋ. ಫೋಟೋದಲ್ಲಿ ಆ ಊರಿನ ಗೋಡೆ ನೋಡಿ, "ಇದೇನ್ರಿ, ನಮ್ಮ ಶಹಾಬಾದ ಫರಸಿ ಕಲ್ಲೇ ಒಯ್ದು ಕಟ್ಟ್ಯಾರೇನು?" ಎಂದಿದ್ದಳು.

ಟೂರ್ ಬಸ್ಸಿನಲ್ಲಿ ಹೋಗಲು ಮಾತ್ರ ಅವಳು ಒಪ್ಪಲಿಲ್ಲ. ಬಸ್ಸಿನವರು ಒಂದು ತಾಸು ಬಿಟ್ಟು ಹತ್ತಿರಿ ಹತ್ತಿರಿ ಅನ್ನುತ್ತಾರೆ. ನೀರು ಹೋಗಿ ತಿರುಗಿ ಬರಲು ಅರ್ಧ ದಿನ ಬೇಕು. ನಮ್ಮದೇ ಕಾರು ಇದ್ದರೆ ನೀರು ಬರುವ ತನಕ ಕೂಡಬಹುದು. ಬಾಡಿಗೆ ಕಾರು, ನಾನೇ ಡ್ರೈವರ್.

ಕೇಳುವುದಕ್ಕೆ ಚೆಂದ. ಆದರೆ ಜೀವಮಾನ ಗಾಡಿ ಓಡಿಸಿದ ನಾನು ಒಮ್ಮೆಯೂ ಸ್ಟೀರಿಂಗ್ ಹಿಡಿದವನಲ್ಲ. ರೈಲಿಗೆಲ್ಲಿಯ ಸ್ಟೀರಿಂಗ್? ಸೇಡಂನಲ್ಲಿ ಡ್ರೈವಿಂಗ್ ಕ್ಲಾಸಿಗೆ ಸೇರಿದೆ. ಬಾಜೂ ಕುಂತು ಕಲಿಸಿದವ ನನ್ನ ಮಗಳ ವಾರಗೆಯವನು. ಸಿಮೆಂಟ್ ಲಾರಿಗಳ ನಡುವೆ ನನ್ನ ಕಾರು ಅತ್ತಿತ್ತ ಹೊರಳಾಡುವುದು ನೋಡಿ ಅವನಿಗೆ ಬೆವರು ಬರುತ್ತಿತ್ತು.

ಇನ್ನೊಂದು ತಕರಾರು ನನ್ನದೇ. ಕಲಿಯದ ರೋಡಿನ ಮೇಲೆ ನಾನು ಗಾಡಿ ಓಡಿಸುವವನಲ್ಲ. ನಮ್ಮಲ್ಲಿ ಹೊಸ ಲೈನಿಗೆ ಹಾಕಿದರೆ ಮೊದಲು ಗೊತ್ತಿದ್ದವರ ಜೊತೆ ಇಂಜಿನ್ನಿನಲ್ಲಿ ಹೋಗಿ ಬಂದು ಆ ರೋಡು ಕಲಿಯಬೇಕು. ಎಲ್ಲಿ ಏರು, ಎಲ್ಲಿ ತಿರುವು, ಯಾವ ಸಿಗ್ನಲ್ ಯಾವ ಮರದ ಹಿಂದೆ, ಎಲ್ಲ ಬಾಯಿಪಾಠ ಆದ ಮೇಲೆಯೇ ರೋಡು ಕಲಿತಿದ್ದೇನೆಂದು ಕಾಗದಕ್ಕೆ ಸಹಿ. ಫ್ರಾನ್ಸಿನ ರೋಡನ್ನು ನನಗೆ ಕಲಿಸುವವರು ಯಾರು? ಅದಕ್ಕೂ ನೀಲಮ್ಮನೇ ದಾರಿ ಹುಡುಕಿದಳು. ಫೋನಿನ ನಕಾಶೆಯಲ್ಲಿ ಊರೂರಿನ ರಸ್ತೆಯ ಫೋಟೋಗಳಿರುತ್ತವಲ್ಲ, ಒತ್ತಿದ ಹಾಗೆಲ್ಲ ಮುಂದೆ ಹೋಗುತ್ತವಲ್ಲ, ಅದನ್ನು ಟೀವಿಗೆ ಹಾಕಿದಳು. ದಿನಾ ಸಂಜೆ ದೀಪ ಹಚ್ಚಿ, ಚಹಾ ಕುಡಿದು, ಎರಡು ಕುರ್ಚಿ ಹಾಕಿಕೊಂಡು ನಾವು ಫ್ರಾನ್ಸಿನ ರೋಡು ಕಲಿಯಲು ಕೂಡುತ್ತಿದ್ದೆವು. ಎಡಗಡೆ ನಾನು, ಬಲಗಡೆ ಅಸಿಸ್ಟೆಂಟ್ ಜಾಗದಲ್ಲಿ ಅವಳು.

ರೈಲಿನ ಒಂದು ರೂಢಿ ನಿಮಗೆ ಹೇಳಬೇಕು. ಸಿಗ್ನಲ್ ಕಂಡ ಕೂಡಲೇ ಅಸಿಸ್ಟೆಂಟ್ ಅದನ್ನು ಗಟ್ಟಿಯಾಗಿ ಕೂಗಿ ಹೇಳುತ್ತಾನೆ. ಡ್ರೈವರ್ ಅದನ್ನೇ ತಿರುಗಿ ಕೂಗಬೇಕು. ಕೂಗಲಿಲ್ಲ ಅಂದರೆ ಇವನಿಗೆ ಕೇಳಿಲ್ಲ ಎಂದರ್ಥ, ಅಸಿಸ್ಟೆಂಟ್ ಮತ್ತೆ ಕೂಗಬೇಕು. ಡ್ರೈವರ್ ಜವಾಬು ಕೊಟ್ಟನೋ, ಆ ಸಿಗ್ನಲ್ಲಿನ ಮಾತು ಅಲ್ಲಿಗೆ ಮುಗಿಯಿತು. ನಿದ್ದೆಯಲ್ಲಿ ಕೂಗಿದರೂ ಜವಾಬು ಕೊಡುವಷ್ಟು ಇದು ನಮ್ಮ ರಕ್ತದಲ್ಲಿ ಸೇರಿರುತ್ತದೆ. ನೀಲಮ್ಮ ಅದನ್ನೂ ಕಲಿತಳು. "ಬಲಕ್ಕ ಹಿಡೀರಿ" ಎಂದು ಅವಳು, "ಬಲಕ್ಕೆ" ಎಂದು ನಾನು. "ಮುಂದ ಸರ್ಕಲ್ ಅದ" ಎಂದು ಅವಳು, "ಸರ್ಕಲ್" ಎಂದು ನಾನು. ಬಾಜೂ ಮನೆಯವರು ಈ ಮುದುಕ ಮುದುಕಿಗೆ ಏನಾಗಿದೆಯೋ ಅಂದುಕೊಂಡಿರಬೇಕು.

ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ಕಲಿಕೆ ಎಷ್ಟು ತಲೆಗೆ ಹತ್ತಿತ್ತೆಂದರೆ ಒಂದು ಮುಂಜಾನೆ ಅವಳನ್ನು ಬಾಜೂ ಕೂಡಿಸಿಕೊಂಡು ಕಾರು ಓಡಿಸುವಾಗ ಚಿತ್ತಾಪುರದ ಸರ್ಕಲ್ಲಿನಲ್ಲಿ ನಾನು ಉಲ್ಟಾ ಸುತ್ತು ಹೊಡೆದುಬಿಟ್ಟೆ. ಎದುರಿಗೆ ಕಾಳಗಿ ಬಸ್ಸು. ಆಟೋದವನೊಬ್ಬ ತಲೆ ಹೊರಗೆ ಹಾಕಿ, "ಏ ಕಾಕಾ, ಎಲ್ಲಿಗಿ ಹೊಂಟೀರಿ?" ಎಂದು ಒದರಿದ. ನಮ್ಮಾಕಿ ತಣ್ಣಗೆ, "ಫ್ರಾನ್ಸಿಗಿ ಹೊಂಟೀವಪ್ಪಾ" ಎಂದಳು. ಮನೆ ಮುಟ್ಟುವ ತನಕ ನೆನಪಾದಾಗೊಮ್ಮೆ ನಗುತ್ತಿದ್ದಳು. ಆ ನಗು ಈಗಲೂ ಕಿವಿಯಲ್ಲಿದೆ.

ದಿನದ ಕಲಿಕೆ ಮುಗಿದ ಮೇಲೆ ಕಡೆಗೊಮ್ಮೆ ಸ್ಯಾಂ ಮಾಲೋದ ಸಮುದ್ರದ ಗೋಡೆಯ ಹತ್ತಿರ ಹೋಗಿ ನಿಲ್ಲುವುದು ಅವಳ ಪದ್ಧತಿ. ಅಲ್ಲಿ ಯಾವಾಗ ನೋಡಿದರೂ ಬರೀ ಉಸುಕು. ಫೋಟೋ ಹೊಡೆದವನು ನೀರು ಇಳಿದಾಗ ಬಂದಿದ್ದಾನೆ. ಗೋಡೆಯ ಬದಿಗೆ ನಾಯಿ ಹಿಡಿದುಕೊಂಡ ಒಬ್ಬ ಮನುಷ್ಯ, ಮುಖ ಮಸುಕು ಮಾಡಿದ್ದಾರೆ. ನೀರು ಎಲ್ಲೋ ದೂರದಲ್ಲಿ ಒಂದು ಗೆರೆ. "ಇವಂಗೇನು ಗಡಿಬಿಡಿ ಇತ್ತೋ, ಒಂದೀಟು ತಡೆದಿದ್ರ ನೀರು ಬರ್ತಿತ್ತು" ಎಂದು ದಿನಾ ಗೊಣಗುತ್ತಿದ್ದಳು. ಆಮೇಲೆ ನನಗೆ ಹೇಳುತ್ತಿದ್ದಳು: "ಅಲ್ಲಿ ಹೋದ ಮ್ಯಾಲ ನೀವು ರೋಡ್ ಅಷ್ಟೇ ನೋಡ್ರಿ. ನೀರು ಬಂದ್ರ ನಾ ಹೇಳ್ತೀನಿ."

ವೀಸಾಕ್ಕೆ ಕಾಗದ ಕೊಡುವ ಮೊದಲೇ ಅವಳಿಗೆ ಕಾಮಾಲೆ ಆಯಿತು. ನಾವು ಕಾಮಾಲೆ ಅಂದುಕೊಂಡೆವು. ಕಲಬುರಗಿಯ ಡಾಕ್ಟರರು ತಪಾಸಣೆ ಮಾಡಿ ಬೇರೆಯೇ ಹೆಸರು ಹೇಳಿದರು, ಹೇಳುವಾಗ ನನ್ನ ಮುಖ ನೋಡಲಿಲ್ಲ. ಭಾಳ ದಿನ ಕೊಡಲಿಲ್ಲ ಅವಳು. ಹಾಸಿಗೆಯಲ್ಲಿ ಒಮ್ಮೆ, "ರೋಡ್ ಎಲ್ಲಾ ಕಲ್ತೀವೇನ್ರಿ?" ಎಂದು ಕೇಳಿದಳು. ಎಲ್ಲಾ ಕಲಿತೀವಿ ನೀಲಾ, ಸಹಿ ಹಾಕೋದೊಂದೇ ಬಾಕಿ ಎಂದೆ. ತೆಂಗಳಿಯ ನಮ್ಮ ಹೊಲದಲ್ಲಿ ಅವಳನ್ನು ಮಣ್ಣು ಮಾಡಿದೆವು. ಸಮುದ್ರ ನೋಡದೆಯೇ ಹೋದಳು. ಆ ಸಂಕಟ ನನಗೆ ಊಟಕ್ಕೆ ಕುಂತರೂ ಬಿಡುತ್ತಿರಲಿಲ್ಲ.

ಆ ಮೇಲೆ ಭಾಳ ತಿಂಗಳು ನಾನು ಟೀವಿ ಮುಟ್ಟಲಿಲ್ಲ. ಅವಳ ಕುರ್ಚಿಯನ್ನೂ ಎತ್ತಿಡಲಿಲ್ಲ, ಅವಳ ಶಾಲು ಅದರ ಮೇಲೆಯೇ ಇತ್ತು. ಒಂದು ಸಂಜೆ ಕುಕ್ಕರಿನಲ್ಲಿ ಅನ್ನಕ್ಕಿಟ್ಟು ಬಂದು ಕುಂತೆ. ಮನೆ ಭಣಭಣ ಎನ್ನುತ್ತಿತ್ತು. ಏನು ತಿಳಿಯಿತೋ, ನಕಾಶೆ ಹಾಕಿ ಗ್ರಾನ್‌ವಿಲ್ ಬಿಟ್ಟು ಹೊರಟೆ. ತಿರುವು ಬಂದಾಗ ಕೂಗುವವರಿಲ್ಲ, ನಾನೂ ಕೂಗಲಿಲ್ಲ. ಸ್ಯಾಂ ಮಾಲೋದ ಅಗಸಿ, ಕೋಟೆಯ ಹೆಬ್ಬಾಗಿಲು, ಬಂತು. ಕಡೆಯ ತಿರುವಿಗೆ ಕೈಯಲ್ಲಿದ್ದ ಫೋನಿನತ್ತ ತಲೆ ಬಗ್ಗಿಸಿ ಒತ್ತುತ್ತಿದ್ದೆ.

"ನೀರು ಬಂತ್ರಿ."

ಬಲಗಡೆಯ ಕುರ್ಚಿಯಿಂದ. ಕಾಯಿಲೆಯ ದನಿಯಲ್ಲ ಅದು. ಹಿಂದಿನ ಬೆಂಚಿನವರಿಗೂ ಕೇಳಲಿ ಎಂದು ಕ್ಲಾಸಿನಲ್ಲಿ ಹೇಳುತ್ತಿದ್ದಳಲ್ಲ, ಆ ದನಿ. ಬುದ್ಧಿ ಎಚ್ಚರಾಗುವ ಮೊದಲೇ ನನ್ನ ಬಾಯಿ ಕೂಗಿಬಿಟ್ಟಿತು: "ನೀರು ಬಂತು."

ತಲೆ ಎತ್ತಿದೆ. ಟೀವಿಯಲ್ಲಿ ನೀರಿತ್ತು. ಉಸುಕು ಒಂದು ಹಿಡಿಯೂ ಕಾಣದಂತೆ ಗೋಡೆಯ ಅಂಚಿನ ತನಕ ಬೂದು ಹಸಿರು ನೀರು, ಸಿಡಿದ ಹನಿಗೆ ರಸ್ತೆ ಹಸಿಯಾಗಿತ್ತು. ನಾಯಿ ಹಿಡಿದ ಮನುಷ್ಯ ಇರಲಿಲ್ಲ. ಕುರ್ಚಿಯ ಕಡೆ ತಿರುಗಿದೆ. ಶಾಲು ಇಟ್ಟಲ್ಲೇ ಇತ್ತು.

ಭಯವಾಗಲಿಲ್ಲ. ಅಳು ಬಂತು, ಸಣ್ಣ ಹುಡುಗನ ಹಾಗೆ ಅತ್ತೆ. ಕುಕ್ಕರ್ ಕೂಗಿ ಕೂಗಿ ಅನ್ನ ಹೊತ್ತಿದ ವಾಸನೆ ಬಂದ ಮೇಲೆ ಎದ್ದು ಗ್ಯಾಸ್ ಆರಿಸಿ ಬಂದೆ. ಅಷ್ಟರಲ್ಲಿ ಫೋನು ತಾನೇ ಆರಿತ್ತು. ತಿರುಗಿ ಹಚ್ಚಿದರೆ ಅದೇ ಉಸುಕು, ಅದೇ ಮನುಷ್ಯ, ಅದೇ ನಾಯಿ.

ಮರುದಿನ ಯೂಸುಫ್ ಬಂದ. ಮೊದಲು ನನ್ನ ಅಸಿಸ್ಟೆಂಟ್ ಆಗಿದ್ದವನು, ಈಗ ತಾನೇ ಇಂಜಿನ್ ಓಡಿಸುತ್ತಾನೆ. ಡ್ಯೂಟಿ ಮುಗಿಸಿ ಆಗಾಗ ನನ್ನನ್ನು ನೋಡಲು ಬರುತ್ತಾನೆ. ಎಲ್ಲ ಹೇಳಿದೆ. ಅವನು ಫೋನು ತೆಗೆದುಕೊಂಡು ಹಿಂದೆ ಮುಂದೆ ಹುಡುಕಿದ. "ಆ ಮಂದಿ ಫೋಟೋ ಬದಲ್ ಮಾಡ್ತಿರ್ತಾರ್ರಿ ಅಣ್ಣಾರ. ಹೊಸಾದು ಹಾಕಿ ಮತ್ತ ತೆಗದಿರಬೇಕು" ಎಂದ. ಇರಬಹುದು. ನಾನೂ ಅದನ್ನೇ ಅಂದುಕೊಂಡಿದ್ದೆ. ದನಿಯೂ ನನ್ನ ತಲೆಯೊಳಗಿನದೇ ಇರಬಹುದು. ಆದರೆ ನಾನು ತಲೆ ಎತ್ತುವ ಮೊದಲೇ ನೀರು ಬಂದದ್ದು ನನ್ನ ತಲೆಗೆ ಹೇಗೆ ಗೊತ್ತಾಯಿತು?

ಯೂಸುಫ್ ಎದ್ದು ಚಪ್ಪಲಿ ಮೆಟ್ಟಿದವನು ಬಾಗಿಲಲ್ಲಿ ನಿಂತ. "ಅಣ್ಣಾರ, ನೀವು ಜವಾಬು ಕೊಟ್ರೇನು?" ಎಂದು ಕೇಳಿದ.

ಕೊಟ್ಟೆ ಎಂದೆ. ಅವನು ತಲೆ ಬಗ್ಗಿಸಿ ಹೊರಟುಹೋದ.

ಈಗಲೂ ದಿನಾ ಸಂಜೆ ಎರಡು ಕುರ್ಚಿ ಹಾಕಿ ಸ್ಯಾಂ ಮಾಲೋದ ಗೋಡೆಯ ತನಕ ಹೋಗಿ ಕೂಡುತ್ತೇನೆ. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಕೂಡುತ್ತೇನೆ. ಅವತ್ತು ಇದೊಂದು ಮಾಡಿದ್ದರೆ ಸಾಕಿತ್ತು, ಜವಾಬು ಸಿಗದೆ ಅವಳು ಇನ್ನೊಮ್ಮೆ ಕೂಗಬೇಕಾಗುತ್ತಿತ್ತು.