ಕಡಲಬಾಳೆ ಯಾವ ಪುಸ್ತಕದಲ್ಲೂ ಇಲ್ಲ

ಚೌಡಮ್ಮ ನಕಲು ಮಾಡಿರಲಿಲ್ಲ. ಮಾಡಿದ್ದಾಳೆ ಎಂದು ಹೇಳಿದವನು ನಾನು. ಮಾಡಿಲ್ಲ ಎಂದು ಗೊತ್ತಾದ ಮೇಲೆ, ಸರಿಪಡಿಸಲು ಪೂರಾ ಎರಡು ದಿನ ಕೈಯಲ್ಲಿದ್ದಾಗಲೂ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ — ನನ್ನ ಸ್ವಭಾವ ನನಗೆ ಗೊತ್ತು. ಎರಡನೆಯ ಪುಟಕ್ಕೆ ಬಿಟ್ಟರೆ ಅಷ್ಟರಲ್ಲಿ ಹೆಡ್ಮಾಸ್ತರರ ಸಿಟ್ಟು, ನನ್ನ ರಕ್ತದೊತ್ತಡ ಎಂದು ಏನಾದರೊಂದನ್ನು ಅಡ್ಡ ತಂದು ನಿಲ್ಲಿಸುತ್ತೇನೆ.

ನಾನು ಶಿರಾಳಕೊಪ್ಪದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನ ತನಕ ಹೋಗಿ, ನಾಲ್ಕನೆಯ ಸಲ ಜಗ್ಗಲು ವಾಪಸ್ ಬರುವ ಮನುಷ್ಯ. ಪಶ್ಚಿಮ ಕರಾವಳಿಯ ಬಂದರುಗಳ ಪಾಠವನ್ನು ವರ್ಷ ವರ್ಷ ಮಾಡಿದವನು ಸಮುದ್ರ ನೋಡಿದ್ದು ಮೂವತ್ತೆಂಟು ದಾಟಿದ ಮೇಲೆ. ನೋಡಿದಾಗಲೂ ದಡದಲ್ಲಿ ಬಿಟ್ಟ ಚಪ್ಪಲಿಯ ಮೇಲೆಯೇ ಕಣ್ಣು.

ನಾನು ಹೇಳಹೊರಟಿರುವುದು ಅದಕ್ಕೂ ಮುಂಚಿನ ಮಾತು. ಇಪ್ಪತ್ತು ವರ್ಷದ ಹತ್ತಿರ ಆಯಿತು. ಹತ್ತನೆಯ ತರಗತಿಯ ಮಕ್ಕಳಿಗೆ ಜಿಲ್ಲೆಯ ಮಟ್ಟದಲ್ಲಿ ಒಂದು ಬರವಣಿಗೆ ಸ್ಪರ್ಧೆ ಬಂತು. ವಿಷಯ, ‘ನನ್ನ ಕಲ್ಪನೆಯ ಊರು’. ಶಾಲೆಗೆ ಒಂದೇ ಬರಹ. ಆರಿಸುವ ಕೆಲಸ ನನ್ನದು. ನನ್ನ ಮಕ್ಕಳ ಕಲ್ಪನೆಯ ಊರುಗಳಲ್ಲಿ ಚರಂಡಿ ಸ್ವಚ್ಛವಾಗಿತ್ತು, ಎಲ್ಲರ ಮನೆಗೂ ಶೌಚಾಲಯವಿತ್ತು, ಬೀದಿಗೆ ಸೋಲಾರ್ ದೀಪವಿತ್ತು. ಓದುತ್ತಾ ನೆಮ್ಮದಿಯಾಗಿ ಆಕಳಿಸುತ್ತಿದ್ದೆ. ಆಗ ಚೌಡಮ್ಮನ ನೋಟ್‌ಬುಕ್ ಕೈಗೆ ಬಂತು.

ಚೌಡಮ್ಮ ಹೊಸಬಾಳೆಯ ಹುಡುಗಿ. ಕುರಿ ಸಾಕುವ ಮನೆ. ಶಿರಾಳಕೊಪ್ಪದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಅವಳಪ್ಪ ಗುಡ್ಡಪ್ಪ ಮಗಳಿಗೆ ಒಂದು ಮಾತು ಕೊಟ್ಟಿದ್ದ — ಈ ಬರವಣಿಗೆ ಜಿಲ್ಲೆಯಲ್ಲಿ ಆಯ್ಕೆಯಾದರೆ ಮುಂದೆ ಶಿಕಾರಿಪುರದ ಕಾಲೇಜು. ಇಲ್ಲದಿದ್ದರೆ ಹತ್ತಕ್ಕೆ ಓದು ಸಾಕು, ಮನೆಗೆ ಬರಬೇಕು. ಇದು ನನಗೆ ಗೊತ್ತಿತ್ತು. ಅವಳೇ ಹೇಳಿದ್ದಳು. ಗೊತ್ತಿರಲಿಲ್ಲ ಎನ್ನುವ ದಾರಿಯನ್ನು ನಾನೇ ಮುಚ್ಚಿಕೊಳ್ಳುತ್ತಿದ್ದೇನೆ.

ಅವಳ ಊರಿನ ಹೆಸರು ಕಡಲಬಾಳೆ. ವ್ಯಾಪಾರದಿಂದಲೇ ಹುಟ್ಟಿ ವ್ಯಾಪಾರದಿಂದಲೇ ಬದುಕುವ ಬಂದರು ಪಟ್ಟಣ. ಅಲ್ಲಿನ ಸಮುದ್ರ ವರ್ಷದಲ್ಲಿ ನಾಲ್ಕು ತಿಂಗಳು ಮೇಯಲು ಹೋಗುತ್ತದೆ. ಆಗ ಹಡಗುಗಳು ಕೆಸರಿನಲ್ಲಿ ಮಲಗಿ ಮೆಲುಕು ಹಾಕುತ್ತವೆ. ಸಮುದ್ರ ತಿರುಗಿ ಬಂದ ದಿನ ಬಂದರಿನ ಬಾಯಿಯ ಇಕ್ಕಟ್ಟಿನಲ್ಲಿ ಹಡಗುಗಳನ್ನು ಒಂದೊಂದಾಗಿ ಬಿಟ್ಟು ಎಣಿಸಿಕೊಳ್ಳುತ್ತಾರೆ. ಯಾವ ಹಡಗು ಯಾರದೆಂದು ತಿಳಿಯಲು ಮೂತಿಯ ಮರದಲ್ಲಿ ಒಂದೊಂದು ಕಚ್ಚು. ಪೇಟೆಯಲ್ಲಿ ಉಪ್ಪು, ಉಣ್ಣೆ, ಮೆಣಸು, ಜಾಡಿಯಲ್ಲಿ ತುಂಬಿ ತಂದ ಪರವೂರಿನ ಮಳೆ. ದರವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ — ಸಮುದ್ರ ಕೇಳಿಸಿಕೊಂಡರೆ ದುರಾಸೆ ಬಂದು ಊರೊಳಗೆ ನುಗ್ಗುತ್ತದಂತೆ. ಅದಕ್ಕೇ ವ್ಯಾಪಾರವೆಲ್ಲ ಕಂಬಳಿಯ ಕೆಳಗೆ, ಬೆರಳಿಂದ ಬೆರಳಿಗೆ. ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಶಿಕ್ಷೆಯಿಲ್ಲ. ಅವನ ಕಂಬಳಿಯ ಕೆಳಗೆ ಆಮೇಲೆ ಯಾರೂ ಕೈ ಚಾಚುವುದಿಲ್ಲ, ಅಷ್ಟೇ.

ಓದುತ್ತಾ ಹೋದ ಹಾಗೆ ನನಗೆ ಬೆವರು. ಸಂತೋಷಕ್ಕಲ್ಲ. ಹಿಂದಿನ ವರ್ಷ ಪಕ್ಕದ ತಾಲ್ಲೂಕಿನ ಒಬ್ಬ ಮೇಷ್ಟ್ರು ಕಳಿಸಿದ ಬರಹ ಯಾವುದೋ ಪತ್ರಿಕೆಯಿಂದ ಎತ್ತಿದ್ದೆಂದು ಬಯಲಾಗಿ, ಅವರನ್ನು ಸಭೆಯಲ್ಲಿ ಎದ್ದು ನಿಲ್ಲಿಸಿದ್ದರಂತೆ. ಆ ಮೇಷ್ಟ್ರ ಜಾಗದಲ್ಲಿ ನಾನು ನಿಂತಿರುವ ಹಾಗೆ, ಅಂಗಿಯ ಗುಂಡಿ ಸಮೇತ, ಕಣ್ಣಿಗೆ ಕಟ್ಟಿತು. ಇಷ್ಟು ಚೆನ್ನಾಗಿದೆ ಎಂದರೆ ಇದು ಇನ್ಯಾರದೋ ಇರಬೇಕು — ನನ್ನ ತರ್ಕ ಅಷ್ಟೇ ಇದ್ದದ್ದು.

ಸ್ಟಾಫ್ ರೂಮಿಗೆ ಕರೆಸಿದೆ.

“ಇದನ್ನ ಎಲ್ಲಿಂದ ಇಳಿಸ್ಕಂಡೆ?”

“ಎಲ್ಲಿಂದ್ಲೂ ಇಲ್ಲ ಸರ್. ತಲೆಯಾಗಿಂದ.”

“ಸಮುದ್ರ ನೋಡಿದೀಯ?”

“ಇಲ್ಲ ಸರ್.” ಆಮೇಲೆ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದಳು, “ನೀವು ನೋಡೀರಾ ಸರ್?”

ಪಕ್ಕದ ಕುರ್ಚಿಯ ಹಿಂದಿ ಮೇಡಂ ಕಿಸಕ್ಕನೆ ನಕ್ಕರು. ಅವರು ನಗದಿದ್ದರೆ — ಇಲ್ಲ, ಅವರ ಮೇಲೆ ಹಾಕುವುದಿಲ್ಲ. ಮಾತು ಬಂದದ್ದು ನನ್ನ ಬಾಯಿಂದ.

“ಕುರಿ ಕಾಯೋರ ಮನೆ ಹುಡುಗಿ ತಲೆಯಲ್ಲಿ ಹಡಗು ಎಲ್ಲಿಂದ ಬಂತಮ್ಮ?”

ಪುಸ್ತಕದ ಹೆಸರು ಹೇಳಿದರೆ ಬಿಟ್ಟುಬಿಡುತ್ತೇನೆ ಎಂದೆ. ಒಂದು ಪೀರಿಯಡ್ ಪೂರ್ತಿ ನಿಂತಳು. ನಾನು ಎದುರಿಗೇ ಕೂತು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದೆ. ಗಂಟೆ ಹೊಡೆಯುವ ಹೊತ್ತಿಗೆ, “ಯಾವ್ದೋ ಪುಸ್ತಕ ಸರ್. ಹೆಸರು ಮರ್ತೀನಿ,” ಎಂದಳು. ಹಾಳೆ ಕೊಟ್ಟು ಬರೆಸಿದೆ: ‘ನಾನು ಬೇರೆಯವರ ಬರಹವನ್ನು ನಕಲು ಮಾಡಿರುತ್ತೇನೆ. ಕ್ಷಮಿಸಬೇಕು.’ ವಾಕ್ಯ ನನ್ನದು, ಅಕ್ಷರ ಅವಳದು. ಆ ಶಾಲೆಯಲ್ಲಿ ಅವಳು ನಿಜಕ್ಕೂ ನಕಲು ಮಾಡಿದ್ದು ಅದೊಂದೇ ಸಾಲು.

ಹೆಡ್ಮಾಸ್ತರರು ಅದನ್ನು ಫೈಲಿಗೆ ಸೇರಿಸಿ, “ಒಳ್ಳೇ ಕಣ್ಣು ಕಣ್ರೀ ನಿಮ್ದು. ಶಾಲೆ ಮರ್ಯಾದೆ ಉಳ್ಸಿದ್ರಿ,” ಎಂದರು. ಒಂಬತ್ತು ವರ್ಷದ ನೌಕರಿಯಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ.

ಮಾರನೆಯ ದಿನ ಶಿರಾಳಕೊಪ್ಪದ ಸಂತೆ. ನಾನು ತರಕಾರಿ ಸಾಲಿನಿಂದ ಆಚೆಗೆ ಯಾವತ್ತೂ ಹೋದವನಲ್ಲ. ಅವತ್ತು ಹೆಂಡತಿಯ ತಮ್ಮ ಎರಡು ಕುರಿ ಕೊಳ್ಳಬೇಕೆಂದು ಎಳೆದುಕೊಂಡು ಹೋದ. ಅಲ್ಲಿ ಒಬ್ಬ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಭಾಮೈದನ ಕೈ ಮೇಲೆ ಹೊದಿಸಿದ. ಇಬ್ಬರ ಕೈಯೂ ಟವೆಲ್ಲಿನ ಕೆಳಗೆ. ಮಾತಿಲ್ಲ. ಬಟ್ಟೆ ಮಾತ್ರ ಅಲ್ಲಲ್ಲಿ ಉಬ್ಬಿ ಇಳಿಯುತ್ತಿತ್ತು.

“ಏನ್ ಮಾಡ್ತಿದೀರೋ?” ಎಂದೆ.

“ದರ ಮಾತಾಡ್ತಿದೀವಿ ಭಾವ. ಬೆರಳು ಹಿಡಿದ್ರೆ ಇಷ್ಟು, ಮಡಚಿದ್ರೆ ಅಷ್ಟು. ಬಾಯ್ಬಿಟ್ರೆ ಪಕ್ಕದೋನಿಗೆ ಕೇಳಿಸ್ತದಲ್ಲ,” ಎಂದು ನನ್ನ ಮುಖ ನೋಡಿ ನಕ್ಕ. “ಕುರಿ ಕೊಳ್ಳೋನು ನಾನು, ಬೆವರೋರು ನೀವು!”

ಅಲ್ಲೇ ಆಚೆ ಒಬ್ಬ ಮುದುಕ ಬೇಲಿಯ ಸಂದಿಯಲ್ಲಿ ಕುರಿಗಳನ್ನು ಒಂದೊಂದಾಗಿ ಬಿಟ್ಟು ಎಣಿಸುತ್ತಿದ್ದ. ಒಂದೊಂದರ ಕಿವಿಯಲ್ಲೂ ಒಂದೊಂದು ಕಚ್ಚು. ನಾನು ನಿಂತಿದ್ದದ್ದು ಕಡಲಬಾಳೆಯ ಪೇಟೆಯ ನಟ್ಟನಡುವೆ. ಇದನ್ನು ಯಾವ ಪುಸ್ತಕದಿಂದಲೂ ಇಳಿಸಿಕೊಳ್ಳಲು ಬರುವುದಿಲ್ಲ ಎಂದು ಆ ಕ್ಷಣಕ್ಕೆ — ಹೌದು, ಸಂಪೂರ್ಣವಾಗಿ — ತಿಳಿಯಿತು.

ಜಿಲ್ಲೆಗೆ ಹೋಗಬೇಕಾದ ಬರಹ ಮೊದಲು ಶಿಕಾರಿಪುರದ ಶಿಕ್ಷಣ ಕಚೇರಿಗೆ ತಲುಪಲು ಇನ್ನೂ ಎರಡು ದಿನವಿತ್ತು. ಮೊದಲ ದಿನ, ಹೆಡ್ಮಾಸ್ತರರ ಹತ್ತಿರ ಹೇಗೆ ಶುರು ಮಾಡುವುದೆಂದು ಯೋಚಿಸಿದೆ. ಬೆದರಿಸಿ ಬರೆಸಿಕೊಂಡೆ ಎಂದು ಹೇಳಬೇಕಾಗುತ್ತದೆ. ಒಳ್ಳೇ ಕಣ್ಣು ಎಂದಿದ್ದರಲ್ಲ, ಅದು ವಾಪಸ್ ಹೋಗುತ್ತದೆ. ಎರಡನೆಯ ದಿನ ಏನೂ ಯೋಚಿಸಲಿಲ್ಲ. ಮೈಯೆಲ್ಲ ಮರಗಟ್ಟಿದ ಹಾಗೆ ಇತ್ತು, ಊಟ ಮಾತ್ರ ಸೇರುತ್ತಿತ್ತು. ಮೂರನೆಯ ದಿನ ಸೋಲಾರ್ ದೀಪದ ಊರು ಶಿಕಾರಿಪುರಕ್ಕೆ ಹೋಯಿತು. ಬಹುಮಾನವೇನೂ ಬರಲಿಲ್ಲ.

ಚೌಡಮ್ಮ ಪ್ರಥಮ ದರ್ಜೆಯಲ್ಲಿ ಪಾಸಾದಳು. ಅಂಕಪಟ್ಟಿಗೆ ಗುಡ್ಡಪ್ಪ ಬಂದಿದ್ದ. “ಆ ಬರವಣಿಗೇದು ಏನಾತ್ರೀ ಮೇಷ್ಟ್ರೇ?” ಎಂದು ಕೇಳಿದ. ಆಗಲಿಲ್ಲ ಎಂದೆ. “ಹೋಗ್ಲಿ ಬಿಡ್ರಿ. ನಾವು ಆಡಿದ್ ಮಾತು ಮಾತೇ,” ಎಂದು ಮಗಳನ್ನು ಕರೆದುಕೊಂಡು ಹೋದ. ನಾನು ಗೇಟಿನ ತನಕ ಹೋಗಿ ಬೀಳ್ಕೊಟ್ಟೆ. ಗೇಟಿನ ತನಕ ಎಷ್ಟು ದೂರವಿದೆ ಎಂದು ನಿಮಗೆ ಗೊತ್ತಿಲ್ಲ. ಒಂದು ಮಾತು ಹೇಳಿ ಮುಗಿಸಲು ಬೇಕಾದಷ್ಟು ದೂರವಿದೆ.

ಆಮೇಲೆ ವರ್ಷಗಳು ಹೋದವು. ನನಗೆ ಪಶ್ಚಾತ್ತಾಪವಾಯಿತು, ನಿದ್ದೆ ಬರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಸಾಲದ ಕಂತು, ಮಗಳ ಹಲ್ಲು, ನಲ್ಲಿಯ ಸೋರಿಕೆ, ಎಲ್ಲದಕ್ಕೂ ಚಿಂತೆ ಮಾಡಿದ್ದೇನೆ. ಇದಕ್ಕೆ ಮಾಡಲಿಲ್ಲ. ಹಲ್ಲು ಕೀಳುವಾಗ ಸೂಜಿ ಕೊಟ್ಟ ಜಾಗದ ಹಾಗೆ ಇತ್ತು ಅದು. ಮುಟ್ಟಿದರೆ ಬೇರೆ ಯಾರದೋ ಕೆನ್ನೆ.

ಕಳೆದ ಜೂನ್‌ನಲ್ಲಿ, ಎಂಟನೆಯ ತರಗತಿಯ ದಾಖಲಾತಿಗೆ ನಾನೇ ಕೂತಿದ್ದೆ. ಒಬ್ಬ ಹೆಂಗಸು ಮಗಳ ಕೈ ಹಿಡಿದು ಬಂದು ಎದುರಿಗೆ ನಿಂತಳು.

“ಗುರ್ತು ಸಿಕ್ಕಲಿಲ್ಲೇನ್ರಿ ಸರ್? ನಾನು ಚೌಡಮ್ಮ. ಕಾಪಿ ಹೊಡ್ದು ಸಿಕ್ಕಾಕ್ಕಂಡಿದ್ನಲ್ಲ!”

ನಗುತ್ತಲೇ ಹೇಳಿದಳು. ಹುಡುಗಿಯ ಹೆಸರು ಸಿಂಚನ. ಅವಳ ಕಡೆ ತಿರುಗಿ, “ಇವ್ರೇ ಕಣೆ ಆ ಸರ್. ಇವ್ರಾಗಿರೋ ಹೊತ್ತಿಗೆ ನನ್ನ ಬಿಟ್ರು. ಬೇರೆಯೋರಾಗಿದ್ರೆ ಟಿಸಿ ಕೈಗೆ ಕೊಟ್ಟು ಕಳಿಸ್ತಿದ್ರು,” ಎಂದಳು. ಆಮೇಲೆ ದನಿ ತಗ್ಗಿಸಿ, “ಒಂದ್ ಕೇಳ್ತೀನಿ ಸರ್, ಬೈಬ್ಯಾಡ್ರಿ. ನಾನು ಯಾವ ಪುಸ್ತಕ ನೋಡಿ ಬರ್ದಿದ್ದೆ ಅಂತ ಎಷ್ಟು ನೆನಸ್ಕಂಡ್ರೂ ಬರವಲ್ದು. ಇವ್ಳಿಗೆ ಆ ಊರಿನ ಕತೆ ಹೇಳ್ತಿರ್ತೀನಿ, ಅರ್ಧಂಬರ್ಧ. ಆ ಪುಸ್ತಕ ಸಿಕ್ರೆ ಓದಿಸ್ಬೇಕಂತ ಆಸೆ. ನಿಮಗೆ ಗೊತ್ತಿರ್ಬೇಕಲ್ಲ?”

ನಾನು, “ಹುಡುಕ್ತೀನಮ್ಮ,” ಎಂದೆ.

ಯೋಚಿಸಿ ನೋಡಿ. ಅವಳು ತನ್ನದನ್ನೇ ಬೇರೆಯವರದೆಂದು ನಂಬಿ, ಅದನ್ನು ಬರೆದ ಪುಣ್ಯಾತ್ಮರು ಯಾರೋ ಎಂದು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದಾಳೆ. ನಾನು ಅವಳ ಒಂದು ಬಹುಮಾನ, ಒಂದು ಕಾಲೇಜು ಕಸಿದಿದ್ದೇನೆ ಎಂದುಕೊಂಡಿದ್ದೆ. ಲೆಕ್ಕ ಅಲ್ಲಿಗೆ ನಿಂತಿರಲಿಲ್ಲ.

ಸಿಂಚನ ವಾರಕ್ಕೊಮ್ಮೆ ಸ್ಟಾಫ್ ರೂಮಿನ ಬಾಗಿಲಿಗೆ ಬರತೊಡಗಿದಳು. “ಸರ್, ಅವ್ವ ಕೇಳ್ತಾಳ್ರಿ, ಪುಸ್ತಕ ಸಿಕ್ತಾ ಅಂತ.” ಹುಡುಕುತ್ತಿದ್ದೇನೆ ಎನ್ನುತ್ತಿದ್ದೆ. ಒಂದು ದಿನ ಶಾಲೆಯ ಲೈಬ್ರರಿ ಕಪಾಟಿನ ಮುಂದೆ ನಿಂತು, ಬೆರಳಿಂದ ಒಂದೊಂದೇ ಪುಸ್ತಕ ಸರಿಸಿ ನೋಡುತ್ತಿದ್ದೇನೆ — ಏನು ಮಾಡುತ್ತಿದ್ದೇನೆಂದು ಅರಿವಾಗಿದ್ದು ಮೂರನೆಯ ಸಾಲಿಗೆ ಬಂದ ಮೇಲೆ. ಇಲ್ಲದ ಪುಸ್ತಕವನ್ನು ನಿಜವಾಗಿಯೂ ಹುಡುಕುತ್ತಿದ್ದೆ.

ಆ ಭಾನುವಾರ, ದಾಖಲಾತಿ ಅರ್ಜಿಯಲ್ಲಿದ್ದ ವಿಳಾಸ ಹಿಡಿದು, ಹೊಸಬಾಳೆಗೆ ಹೋದೆ. ಬಸ್ಸಿನಲ್ಲಿ ಅವಳ ಬೈಗುಳಕ್ಕೆಲ್ಲ ಉತ್ತರ ತಯಾರು ಮಾಡಿಕೊಂಡಿದ್ದೆ. ಚೌಡಮ್ಮ ಅಂಗಳದಲ್ಲಿ ಕುರಿಮರಿಗಳಿಗೆ ಮೇಯಲು ಸೊಪ್ಪಿನ ಕಟ್ಟು ಕಟ್ಟಿ ತೂಗುಹಾಕುತ್ತಿದ್ದಳು. ಕೂರ್ರಿ ಸರ್ ಎಂದಳು. ನಾನು ಕೂರಲಿಲ್ಲ.

“ಆ ಪುಸ್ತಕ ಇಲ್ಲ ಚೌಡಮ್ಮ. ಯಾವತ್ತೂ ಇರಲಿಲ್ಲ. ನೀನು ಬರ್ದಿದ್ದು ಪೂರ್ತಿ ನಿಂದೇ. ನಂಗೆ ಆಗ್ಲೇ ಗೊತ್ತಾಗಿತ್ತು.”

ಅವಳ ಕೈ ದಾರ ಸುತ್ತುತ್ತಲೇ ಇತ್ತು. “ಆಗ್ಲೇ ಅಂದ್ರೆ?”

“ಮಾರನೇ ದಿನ.”

“ಕಳ್ಸಕ್ಕೆ ಟೈಮಿತ್ತಾ?”

“ಇತ್ತು. ಎರಡು ದಿನ.”

“ಹೂಂ,” ಎಂದಳು. ಇನ್ನೊಂದು ಕಟ್ಟು ಎತ್ತಿಕೊಂಡಳು. ನಾನು ತಯಾರು ಮಾಡಿಕೊಂಡು ಹೋದ ಉತ್ತರಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ಅದನ್ನು ತೂಗುಹಾಕಿ ಮತ್ತೊಂದಕ್ಕೆ ಕೈ ಹಾಕುತ್ತಾ, “ನೋಟ್‌ಬುಕ್ಕು?” ಎಂದಳು.

ಆರು ವರ್ಷ ನನ್ನ ಮೇಜಿನ ಡ್ರಾಯರಿನಲ್ಲಿತ್ತು, ಶಾಲೆಗೆ ಬಣ್ಣ ಹೊಡೆಸುವಾಗ ರದ್ದಿಗೆ ಹೋಯಿತು, ಹೋಗುವುದನ್ನು ನೋಡಿದೆ, ತಡೆಯಲಿಲ್ಲ — ಹೇಳಿದೆ.

“ಹೋಗ್ಲಿ,” ಎಂದಳು. “ಕೊನೀಗೆ ಏನ್ ಬರ್ದಿದ್ದೆ ನಾನು? ಅಷ್ಟು ಹೇಳ್ರಿ ಸಾಕು. ನಂಗೆ ಅಲ್ಲೀ ತನಕ ನೆನಪು ಹೋಗವಲ್ದು. ಓದಿದೋರು ಅಂದ್ರೆ ನೀವೊಬ್ರೇ.”

ಆ ನೋಟ್‌ಬುಕ್ಕನ್ನು ನಾನು ಅರ್ಧಕ್ಕೇ ಮುಚ್ಚಿದ್ದೆ. ನಕಲು ಎಂದು ತೀರ್ಮಾನಿಸುವುದಕ್ಕೆ ಅರ್ಧ ಸಾಕಾಗಿತ್ತು. ಆ ಆರು ವರ್ಷದಲ್ಲಿ ಒಂದು ದಿನವೂ ತೆರೆದು ನೋಡಲಿಲ್ಲ.

“ನಾನು ಕೊನೆ ತನಕ ಓದಿಲ್ಲ ಚೌಡಮ್ಮ,” ಎಂದೆ.

ಆಗ ಅವಳು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, ನಾನು ಬಂದಾಗಿನಿಂದ ಮೊದಲ ಸಲ, ನನ್ನ ಮುಖ ನೋಡಿದಳು.