ನಾಗವೇಣಿ ಇಳಿಸಿಕೊಂಡ ತೂಕ

ಸೊರಬದ ಮೆಕ್ಕೆಜೋಳದ ವ್ಯಾಪಾರಿ ಮಾಲತೇಶನ ಹೆಂಡತಿ ನಾಗವೇಣಿಯನ್ನು ಪ್ರತಿ ಭಾನುವಾರ ಬೆಳಿಗ್ಗೆ ಜೋಳದ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತಿದ್ದರು. ಹಾಗೆ ನಿಲ್ಲಿಸುವ ನೇಮ ಹಾಕಿದವಳು ಅವಳ ಅತ್ತೆ ರಾಧಮ್ಮ. ಮನೆಯ ಮುಂದಿನ ಶೆಡ್ಡಿಗೆ ಆ ಹೊತ್ತಿಗಾಗಲೇ ಹಮಾಲರು ಬಂದು ಬೀಡಿ ಹಚ್ಚಿಕೊಂಡು ಕೂತಿರುತ್ತಿದ್ದರು. ಸೊಸೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚೀಲಗಳ ಧೂಳು ಮೆತ್ತಿದ ಆ ಕಬ್ಬಿಣದ ಹಲಗೆ ಹತ್ತಬೇಕು. ರಾಧಮ್ಮ ಕೆಂಪು ಅಂಕಿಗಳನ್ನು ಗಟ್ಟಿಯಾಗಿ ಓದಬೇಕು.

"ಇನ್ನೂ ಕ್ವಿಂಟಾಲಿನ ಮೇಲೇ ಇದ್ದಾಳೆ ಮಾರಾಯ್ರೆ!"

ಒಮ್ಮೆ ಹಮಾಲನೊಬ್ಬ ಕೇಳಿದ್ದ, "ಅಮ್ಮಾ, ತೇವಾಂಶ ಎಷ್ಟು ಕಳೀಬೇಕು?"

ಹಸಿ ಜೋಳ ತಂದ ರೈತರ ಲೆಕ್ಕದಲ್ಲಿ ಕಳೆಯುವ ತೇವಾಂಶದ ಮಾತು ಅದು. ಶೆಡ್ಡೆಲ್ಲ ನಕ್ಕಿತು. ರಾಧಮ್ಮ ನಕ್ಕಳು, ಹಮಾಲರು ನಕ್ಕರು. ನಾಗವೇಣಿಗೆ ಅದನ್ನೆಲ್ಲ ನುಂಗಿಕೊಳ್ಳುವ ರೂಢಿಯಿತ್ತು. ಮೊಬೈಲ್ ನೋಡುತ್ತ ಕೂತಿದ್ದ ಮಾಲತೇಶ ತಲೆ ಎತ್ತಿ ನಕ್ಕಿದ್ದನ್ನು ಮಾತ್ರ ಅವಳಿಗೆ ನುಂಗಲಾಗಲಿಲ್ಲ.

ನಾಗವೇಣಿ ಹುಟ್ಟಿದ್ದು ತಾಳಗುಂದದಲ್ಲಿ. ತಾಯಿ ಬೇಗ ತೀರಿಕೊಂಡಿದ್ದಳು. ಭತ್ತ, ಜೋಳ ಬೆಳೆಯುವ ತಂದೆ ಹನುಮಂತಪ್ಪನೇ ಸಾಕಿದ್ದು. ಹೈಸ್ಕೂಲಿಗೆ ಹೋಗುವಾಗಲೇ ಮೈ ಉಬ್ಬತೊಡಗಿತು. ಗಲ್ಲದ ಮೇಲೆ ಕೂದಲು ಮೂಡಿತು. ಒಮ್ಮೆ ಬಂದ ಮುಟ್ಟು ತಿಂಗಳುಗಟ್ಟಲೆ ನಾಪತ್ತೆಯಾಗುತ್ತಿತ್ತು. ಇದನ್ನೆಲ್ಲ ತಂದೆಗೆ ಹೇಳುವುದು ಹೇಗೆ? ಹೇಳಲಿಲ್ಲ. ಬಸ್ಸಿನಲ್ಲಿ ಹುಡುಗರು "ಎರಡು ಟಿಕೆಟ್ ಕೊಡ್ರಿ ಕಂಡಕ್ಟ್ರೇ" ಎಂದಾಗ ಕಿಟಕಿಯಾಚೆ ನೋಡುತ್ತಿದ್ದಳು. ಶಿಕಾರಿಪುರದಲ್ಲಿ ಹೊಲಿಗೆ ಕಲಿತಳು. ಅವಳು ಹೊಲಿದ ರವಿಕೆ ಮೈಗೆ ಕೂರುವ ಚಂದಕ್ಕೆ ಬಳ್ಳಿಗಾವಿಯಿಂದಲೂ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ಎಂಥ ಮೈಯ ಹೆಂಗಸು ಬಂದರೂ ಅಳತೆ ತೆಗೆಯುವಾಗ ಅವಳು ಆ ಮೈಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ಹೆಣ್ಣು ನೋಡಲು ಬಂದ ದಿನ ರಾಧಮ್ಮನೇ ಮೆಚ್ಚಿ ಹೇಳಿದ್ದಳು, "ಮೈಕೈ ತುಂಬ್ಕೊಂಡಿದ್ದಾಳೆ, ನಾಲ್ಕು ಕೆಲಸ ಮಾಡೂ ಹುಡುಗಿ." ಮದುವೆಯಾಗಿ ಎರಡು ವರ್ಷವಾದರೂ ಬಸಿರಾಗದಿದ್ದಾಗ ಅದೇ ಮೈಕೈ ಅಪರಾಧವಾಯಿತು.

ಶಿಕಾರಿಪುರದ ಲೇಡಿ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ಇದು ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಎಂದು ತಿಳಿಸಿ ಹೇಳಿದರು. "ನೀವು ತಿಂದು ತಂದ್ಕೊಂಡ ಕಾಯಿಲೆ ಅಲ್ಲಮ್ಮ ಇದು. ಹಾರ್ಮೋನ್ ಏರುಪೇರು. ತೂಕ ಏರೋದೂ ಅದರಿಂದ, ಏರಿದ ತೂಕದಿಂದ ಅದು ಜಾಸ್ತಿ ಆಗೋದೂ ಹೌದು. ಪೂರ್ತಿ ತೆಳ್ಳಗಾಗಬೇಕಿಲ್ಲ. ಸ್ವಲ್ಪ ಇಳಿದ್ರೂ ಮುಟ್ಟು ಹಾದಿಗೆ ಬರಬಹುದು."

ಈ ಮಾತನ್ನು ನಾಗವೇಣಿ ಗಟ್ಟಿಯಾಗಿ ಹಿಡಿದುಕೊಂಡಳು. ಅನ್ನ ಕಡಿಮೆ ಮಾಡಿದಳು, ಕಾಳು ಸೊಪ್ಪು ಹೆಚ್ಚಿಸಿದಳು, ಡಾಕ್ಟರು ಬರೆದ ಮಾತ್ರೆ ತಪ್ಪದೆ ನುಂಗಿದಳು. ಬೆಳಗ್ಗೆ ದಂಡಾವತಿ ಹೊಳೆಯ ಕಡೆಗೆ ನಡೆದು ಬರುತ್ತಿದ್ದಳು. ಎದುರು ಸಿಕ್ಕವರು ನಗುತ್ತಿದ್ದರು. ನಗಲಿ ಎಂದು ನಡೆದಳು. ಮಳೆಗಾಲ ಮುಗಿಯುವ ಹೊತ್ತಿಗೆ ತನ್ನ ರವಿಕೆಗಳ ಹೊಲಿಗೆಯನ್ನು ತಾನೇ ಒಳಗೆ ಹಿಡಿಯಬೇಕಾಯಿತು. ಒಂದು ದಿನ, ಮುಟ್ಟು ಬರಿಸಲೆಂದೇ ಕೊಡುವ ಮಾತ್ರೆಯ ಬಲವಂತವಿಲ್ಲದೆ, ಅದು ತಾನಾಗಿ ಬಂತು. ಬಚ್ಚಲಲ್ಲಿ ಕೂತು ಖುಷಿಗೆ ಅತ್ತಳು. ಮಾಲತೇಶನಿಗೆ ಹೇಳಿದಳು.

"ತೂಕ ಎಷ್ಟು ಇಳೀತು?" ಅವನು ಕೇಳಿದ್ದು ಅಷ್ಟೇ.

ಹೇಳಿದಳು.

"ಅಷ್ಟಾ? ಎರಡು ಚೀಲ ಜೋಳ ಬಿಸಿಲಿಗೆ ಹಾಕಿದ್ರೆ ಅದ್ಕಿಂತ ಜಾಸ್ತಿ ಇಳೀತದೆ."

ಡಾಕ್ಟರ ದಾರಿ ಇಷ್ಟು ನಿಧಾನವೆಂದು ರಾಧಮ್ಮ ತನ್ನದೇ ದಾರಿ ಹುಡುಕಿದಳು. ಉಚ್ಚಂಗಪ್ಪ ಎಂಬ ನಾಟಿ ಔಷಧಿಯವನು ಕೊಟ್ಟ ಕಷಾಯ ಮನೆಗೆ ಬಂತು. ಮಾತ್ರೆ ನಿಲ್ಲಿಸಬೇಕು, ಅರ್ಧ ರೊಟ್ಟಿಯ ಮೇಲೆ ಏನೂ ತಿನ್ನಬಾರದು ಎಂದು ಅವನ ಕಟ್ಟಪ್ಪಣೆ. "ಗಿಡಮೂಲಿಕೆ, ಎಂತದೂ ಆಗೂದಿಲ್ಲ, ಕುಡಿ," ಎಂದು ರಾಧಮ್ಮ ಲೋಟ ಹಿಡಿದು ಎದುರೇ ನಿಲ್ಲುತ್ತಿದ್ದಳು. ಕುಡಿದ ಮೇಲೆ ದಿನವಿಡೀ ಭೇದಿ. ಆ ಹೊಟ್ಟೆಯಲ್ಲೇ ಹಮಾಲರಿಗೆ ಅನ್ನ ಬಸಿಯಬೇಕು, ಸಾರು ಕುದಿಸಬೇಕು. ಅಡುಗೆ ಮುಗಿದ ಮೇಲೆ ಅತ್ತೆ ಅವಳ ಕೈ ಎಳೆದು ಬೆರಳು ಮೂಸಿ ನೋಡುತ್ತಿದ್ದಳು, ಕದ್ದು ತಿಂದಳೇನೋ ಎಂದು.

ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಕಣ್ಣು ಕತ್ತಲೆ ಬಂತು. ಕಾಲು ಪೆಡಲಿನ ಮೇಲೆಯೇ ಇತ್ತು. ಸೂಜಿ ತೋರುಬೆರಳಿನ ಉಗುರು ಸೀಳಿ ಇಳಿಯಿತು. ಬೆರಳಿಗೆ ಬಟ್ಟೆ ಸುತ್ತಿದ್ದವಳನ್ನೇ ಆ ಭಾನುವಾರ ಕಾಟಾ ಹತ್ತಿಸಿದರು. ರಾಧಮ್ಮನ ಮುಖ ಅರಳಿತು. "ನೋಡು, ನೋಡು! ಉಚ್ಚಂಗಪ್ಪನ ಕೈಗುಣ ಅಂದ್ರೆ ಇದು!"

ಎದ್ದು ನಿಲ್ಲಲೂ ಆಗದ ಸ್ಥಿತಿ ಬಂದಾಗ ಕಷಾಯ ನಿಂತಿತು. ಅದರ ಹಿಂದೆಯೇ ಇಳಿದ ತೂಕವೆಲ್ಲ ಮರಳಿ ಬಂತು, ಇನ್ನಷ್ಟನ್ನು ಜೊತೆಗೆ ತಂದಿತು. ಕಷ್ಟಪಟ್ಟು ಹಾದಿಗೆ ಬಂದಿದ್ದ ಮುಟ್ಟು ಮತ್ತೆ ನಿಂತುಹೋಯಿತು.

ಆಗ ಮಾಲತೇಶನಿಗೆ ಮೊಬೈಲಿನಲ್ಲಿ ತೂಕ ಇಳಿಸುವ ಆಪರೇಶನ್ ಸಿಕ್ಕಿತು. ಮೊದಲು ಹೀಗೆ, ಆಮೇಲೆ ಹೀಗೆ ಎಂದು ಹೆಂಗಸೊಬ್ಬಳ ಎರಡು ಫೋಟೊ ತೋರಿಸಿದ. ಅದೇ ವಾರ ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಹೆಂಡತಿಯನ್ನು ಕರೆದೊಯ್ದ. ಅಲ್ಲಿನ ಸರ್ಜನ್ ಏನನ್ನೂ ಮುಚ್ಚಿಡಲಿಲ್ಲ.

"ಹೊಟ್ಟೆಯ ಚೀಲದ ಮುಕ್ಕಾಲು ಭಾಗ ಕತ್ತರಿಸಿ ತೆಗೀತೀವಿ. ಮತ್ತೆ ಅಂಟಿಸೋಕೆ ಬರಲ್ಲ. ತೂಕ ಚೆನ್ನಾಗಿ ಇಳಿಯುತ್ತೆ, ಮುಂದೆ ಶುಗರ್ ಬರೋದು ತಪ್ಪಬಹುದು, ಮುಟ್ಟು ಸರಿಹೋಗಬಹುದು. ಆದ್ರೆ ಪಿಸಿಒಎಸ್ ಬೇರುಸಮೇತ ಹೋಗಲ್ಲ. ಜೀವನಪೂರ್ತಿ ವಿಟಮಿನ್ ತಗೋಬೇಕು. ಊಟ, ನಡಿಗೆ ಆಗಲೂ ತಪ್ಪಲ್ಲ, ಇಲ್ಲಾಂದ್ರೆ ತೂಕ ವಾಪಸ್ ಬರುತ್ತೆ." ಆಮೇಲೆ ಮಾಲತೇಶನ ಕಡೆ ತಿರುಗಿದರು. "ಮುಖ್ಯವಾದ್ದು ಇದು. ಒಂದೂವರೆ ವರ್ಷ ಬಸಿರಾಗಬಾರದು. ತೂಕ ಇಳಿಯೋವಾಗ ಗರ್ಭ ಬೇಗ ನಿಲ್ಲುತ್ತೆ, ಆದ್ರೆ ಮಗು ಬೆಳೆಸೋಕೆ ಮೈಯಲ್ಲಿ ಏನೂ ಇರಲ್ಲ."

"ಮಾಡ್ಬಿಡಿ ಡಾಕ್ಟ್ರೇ," ಎಂದ ಮಾಲತೇಶ.

"ನಾನು ಕೇಳ್ತಿರೋದು ಅವರನ್ನ. ಏನಮ್ಮ? ಮೊದಲಿನ ಹಾಗೆ ಊಟ, ನಡಿಗೆ, ಮಾತ್ರೆ ಅಂತ ಹೋದ್ರೂ ತಪ್ಪಿಲ್ಲ. ನಿಧಾನ, ಅಷ್ಟೇ."

ನಾಗವೇಣಿ ಯೋಚಿಸಿ ಹೇಳುತ್ತೇನೆಂದು ತಾಳಗುಂದಕ್ಕೆ ಹೋದಳು. ಹನುಮಂತಪ್ಪ ಎಲ್ಲ ಕೇಳಿದ. "ಗಟ್ಟಿ ಇರೋ ಹೊಟ್ಟಿ ಯಾಕ ಕೊಯ್ಸೂದವ್ವ?" ಎಂದ. ಸ್ವಲ್ಪ ಹೊತ್ತಿಗೆ, "ಆದ್ರ ಗಂಡ ಬ್ಯಾಡ ಅಂದ್ರ ಎಲ್ಲಿಗೆ ಹೋಗ್ತಿ? ನಾ ಎಷ್ಟ್ ದಿನ ಇರ್ತೀನಿ?" ಎಂದ. ಮಗಳಿಗೆ ಎರಡನೆಯ ಮಾತೇ ಕೇಳಿಸಿತು.

ಅವಳು ಎರಡೂ ದಾರಿಗಳನ್ನು ತೂಗಿ ನೋಡಿದಳು. ನಡಿಗೆಯ ದಾರಿ ತನಗೆ ಒಗ್ಗಿತ್ತು, ಫಲವನ್ನೂ ಕೊಟ್ಟಿತ್ತು. ಆದರೆ ಅದಕ್ಕೆ ವರ್ಷಗಳು ಬೇಕು. ಅಷ್ಟೂ ವರ್ಷ ಹಮಾಲರ ಮುಂದೆ ಕಾಟಾ ಹತ್ತಬೇಕು. ಆಪರೇಶನ್ನಿನ ಹೆದರಿಕೆಗಿಂತ ಅದರ ಹೆದರಿಕೆ ದೊಡ್ಡದಾಗಿತ್ತು. ಮಾಲತೇಶ ಫೋನ್ ಮಾಡಿ, "ಮಾಡಿಸ್ಕೊಳ್ಳೋದಾದ್ರೆ ಬಾ, ಇಲ್ಲಾಂದ್ರೆ ಅಲ್ಲೇ ಇರು," ಎಂದ ದಿನ ಅವಳು ಹೂಂ ಎಂದಳು.

ಆಪರೇಶನ್ ಸರಿಯಾಗಿಯೇ ಆಯಿತು. ಗಂಜಿ ತಿಳಿ, ಆಮೇಲೆ ಮೆತ್ತಗಿನ ಊಟ. ನಾಲ್ಕು ತುತ್ತಿಗೆ ಹೊಟ್ಟೆ ಸಾಕೆನ್ನುತ್ತಿತ್ತು. ಮೈ ಕರಗತೊಡಗಿತು. ಬಾಚಣಿಗೆಗೆ ಕೂದಲು ಹಿಡಿಹಿಡಿ ಬಂತು, ಆದರೂ ಊರಿನ ಹೆಂಗಸರು ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದರು. ರಾಧಮ್ಮ ಬಂದುಹೋದವರ ಮುಂದೆ ಸೊಸೆಯನ್ನು ತಿರುಗಿಸಿ ತಿರುಗಿಸಿ ತೋರಿಸಿದಳು. ಮಾಲತೇಶ ಬೈಕಿನಲ್ಲಿ ಅಂಜನಾಪುರದ ಡ್ಯಾಮಿಗೆ ಕರೆದೊಯ್ದು ತನ್ನ ಜೊತೆ ನಿಲ್ಲಿಸಿಕೊಂಡು ಫೋಟೊ ತೆಗೆದ. ಮದುವೆಯಾದಾಗಿನಿಂದ ಅವನು ಅವಳ ಜೊತೆ ಫೋಟೊ ತೆಗೆದದ್ದು ಅದೇ ಮೊದಲು. ನಾಗವೇಣಿಗೆ ಖುಷಿಯಾಯಿತು. ಇಷ್ಟಕ್ಕೇ ಖುಷಿಯಾದೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯೂ ಆಯಿತು.

ಆದರೆ ಅವನಿಗೆ ಕಾಯುವ ಮನಸ್ಸಿರಲಿಲ್ಲ.

"ಒಂದೂವರೆ ವರ್ಷ ಅಂತ ಡಾಕ್ಟ್ರು ಹೇಳಿದಾರಲ್ರೀ. ಕಾಪರ್-ಟಿ ಆದ್ರೂ ಹಾಕಿಸ್ಕೊಂಡು ಬರ್ತೀನಿ."

"ಮಕ್ಕಳಾಗ್ಲಿ ಅಂತ ಹೊಟ್ಟೆ ಕೊಯ್ಸಿದ್ದು, ಈಗ ಆಗ್ದೇ ಇರೋಕೆ ಹಾಕಿಸ್ಕೊಳ್ತೀಯಾ? ಡಾಕ್ಟ್ರು ನಿನ್ನ ಗಂಡನಾ, ನಾನಾ?"

ಅವಳು ಬೇಡವೆಂದ ದಿನ ಅವಳ ಬೇಡವನ್ನು ಅವನು ಕೇಳಿಸಿಕೊಳ್ಳಲಿಲ್ಲ. ಸರ್ಜನ್ ಹೇಳಿದಂತೆಯೇ ಗರ್ಭ ಬೇಗ ನಿಂತಿತು. ರಾಧಮ್ಮ ಓಣಿಗೆಲ್ಲ ಪೇಡೆ ಹಂಚಿದಳು. ವಿಟಮಿನ್ ಮಾತ್ರೆಗಳು ಉಷ್ಣವೆಂದು ಹಿತ್ತಲಿಗೆ ಎಸೆದಳು. ಈ ಮೊದಲು ಅನ್ನಕ್ಕೆ ಕಾವಲಿದ್ದವಳು ಈಗ ತುಪ್ಪ ಸುರಿದ ಅನ್ನದ ತಟ್ಟೆ ಹಿಡಿದು ನಿಂತಳು. "ತಿನ್ನು! ನಿನಗಲ್ಲ, ಒಳಗಿರೋದಕ್ಕೆ." ಅಂಗೈಯಷ್ಟೂ ಉಳಿಯದ ಹೊಟ್ಟೆ ಎಲ್ಲವನ್ನೂ ವಾಂತಿ ಮಾಡಿ ಹೊರಹಾಕುತ್ತಿತ್ತು. ವಾಂತಿ ಮಾಡಿದಷ್ಟೂ ಅತ್ತೆ ಮತ್ತೆ ಬಡಿಸುತ್ತಿದ್ದಳು. ಕಾಲು ಜೋಮು ಹಿಡಿದು ಗೋಡೆ ಹಿಡಿದು ನಡೆಯುವಂತಾದಾಗ ನಾಗವೇಣಿ ಒಬ್ಬಳೇ ಬಸ್ಸು ಹತ್ತಿ ಶಿಕಾರಿಪುರದ ಲೇಡಿ ಡಾಕ್ಟರ ಬಳಿ ಹೋದಳು. ಅವರು ಅಲ್ಲೇ ದಾಖಲು ಮಾಡಿಕೊಂಡು ಸೂಜಿಯಲ್ಲಿ ವಿಟಮಿನ್ ಏರಿಸಿದರು. ತಾಯಿ ಚೇತರಿಸಿಕೊಂಡಳು. ಐದನೆಯ ತಿಂಗಳಲ್ಲಿ ಮಗು ಹೋಯಿತು. ಹೆಣ್ಣು ಮಗು.

"ಇದೊಂದೇ ಕಾರಣ ಅಂತ ನಾನು ಹೇಳೋಕಾಗಲ್ಲ," ಎಂದರು ಡಾಕ್ಟರು. "ಆದ್ರೆ ಈ ಮೈಗೆ ಇನ್ನೂ ಸಮಯ ಬೇಕಿತ್ತು."

ರಾಧಮ್ಮ ಮಂಚದ ಪಕ್ಕದಲ್ಲೇ ನಿಂತು ನರ್ಸಿಗೆ ಹೇಳುತ್ತಿದ್ದಳು, "ಹೊಟ್ಟೆ ಕೊಯ್ಸಿಕೊಂಡೋಳಿಗೆ ಕೂಸು ಎಲ್ಲಿ ನಿಲ್ತದೆ? ನಾ ಕಷಾಯ ಕುಡಿ ಅಂತ ಬಡ್ಕೊಂಡೆ, ಕೇಳ್ಲಿಲ್ಲ. ಇವಳಿಗೆ ಚಂದ ಆಗ್ಬೇಕಿತ್ತು." ಮಾಲತೇಶ ಹೌದೆಂಬಂತೆ ತಲೆಯಾಡಿಸಿದ.

ಬಾಣಂತನದ ಹೆಸರಿನಲ್ಲಿ ಅವಳನ್ನು ತಾಳಗುಂದದಲ್ಲಿ ಬಿಟ್ಟುಹೋದವರು ಕರೆಯಲು ಬರಲಿಲ್ಲ. ಬಂದದ್ದು ಬಿಡುಗಡೆ ಕೇಳಲು. ನಾಗರಾಜಪ್ಪ ಎಂಬ ಹಿರಿಯನನ್ನು ಜೊತೆಗೆ ಕರೆದುಕೊಂಡು ಮಾಲತೇಶ ಜಗಲಿಯಲ್ಲಿ ಕೂತ.

"ಇನ್ನು ಆಕೆಗೆ ಮಕ್ಳು ಆಗೂದು ಕಷ್ಟ ಅಂತಾರೆ," ಎಂದ ನಾಗರಾಜಪ್ಪ.

"ಯಾರೂ ಹಾಗಂದಿಲ್ಲ," ಎಂದಳು ಬಾಗಿಲಲ್ಲಿ ನಿಂತ ನಾಗವೇಣಿ. "ಮೈ ಸುಧಾರಿಸಿದ ಮೇಲೆ ಆಗ್ತದೆ ಅಂತ ಡಾಕ್ಟ್ರು ಹೇಳಿದಾರೆ. ಕಾಯಬೇಕು, ಅಷ್ಟೇ."

ಮಾಲತೇಶ ಅವಳನ್ನು ಮೇಲಿಂದ ಕೆಳಗೆ ನೋಡಿದ. ಜೋತುಬಿದ್ದ ತೋಳಿನ ಚರ್ಮ, ತೆಳುವಾದ ಬೈತಲೆ, ಒಳಗಿಳಿದ ಕೆನ್ನೆ. "ಮಕ್ಕಳ ಮಾತು ಬಿಡು," ಎಂದ. "ಮೊದ್ಲಾದ್ರೂ ನೋಡೋಕೆ ಚೆನ್ನಾಗಿದ್ದೆ."

ಹನುಮಂತಪ್ಪ ಬಂದವರಿಗೆ ಚಹಾ ಮಾಡಲು ಮಗಳಿಗೆ ಹೇಳಿದ. ಅವಳು ಮಾಡಿದಳು. ಮಾಲತೇಶ ಕುಡಿದು ಹೋದ. ಮುಂದಿನ ಬೇಸಿಗೆಯಲ್ಲಿ ಅವನಿಗೆ ಸಿದ್ದಾಪುರದ ಕಡೆಯ ಹುಡುಗಿಯ ಜೊತೆ ಮದುವೆಯಾಯಿತು.

ಈಗ ನಾಗವೇಣಿ ಶಿಕಾರಿಪುರದಲ್ಲಿ ಬಾಡಿಗೆ ಮಳಿಗೆ ಹಿಡಿದು ಹೊಲಿಯುತ್ತಾಳೆ. ತಪ್ಪದೆ ನಡೆಯುತ್ತಾಳೆ, ವಿಟಮಿನ್ ನುಂಗುತ್ತಾಳೆ. ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತದೆ, ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ಕಳೆದ ತಿಂಗಳು ಬಳ್ಳಿಗಾವಿಯ ಹೆಂಗಸೊಬ್ಬಳು ದಪ್ಪಗಿನ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಗಲ್ಲದ ಮೇಲೆ ಬ್ಲೇಡು ಆಡಿಸಿದ ಗುರುತು. "ಗಂಡಿನೋರು ಬರ್ತಾರ, ಸಣ್ಣ ಕಾಣೋ ಹಂಗ ಹೊಲೀರಿ," ಎಂದ ತಾಯಿ ದನಿ ತಗ್ಗಿಸಿದಳು. "ನೀವು ಆಪರೇಶನ್ ಮಾಡ್ಸಿದ್ರಂತಲ್ರೀ? ಇಕಿಗೂ ಅದೇ ಪಿಸಿಒಎಸ್ಸು. ಆಪರೇಶನ್ ಛಲೋನೋ, ಸುಮ್ನ ಪಥ್ಯ ನಡಿಗಿ ಛಲೋನೋ?"

ನಾಗವೇಣಿ ಟೇಪನ್ನು ಕೊರಳಿಗೆ ಹಾಕಿಕೊಂಡಳು. "ನಡೆದದ್ದರಿಂದ ನನಗೆ ಒಳ್ಳೇದಾಗಿತ್ತು. ಆಪರೇಶನ್ನಿಂದಲೂ ಕೆಟ್ಟದ್ದಾಗ್ಲಿಲ್ಲ. ಯಾವ್ದು ಬೇಕು ಅಂತ ಡಾಕ್ಟ್ರ ಹತ್ರ ಇವಳೇ ಕೂತು ಮಾತಾಡ್ಲಿ. ಈ ಗಂಡಿನೋರನ್ನ ಈಗ ಕರೀಬ್ಯಾಡ್ರಿ. ಇವಳು ತನಗೆ ಬೇಕಾದಷ್ಟು ದಿನ ತಗೊಳ್ಳಿ."

ತಾಯಿಯ ಮುಖ ಬಿಗಿಯಿತು. ಮೇಜಿನ ಮೇಲಿನ ರವಿಕೆ ಕಣವನ್ನು ಮಡಚಿ ಚೀಲಕ್ಕೆ ತುರುಕಿದಳು. "ಗಂಡ ಬಿಟ್ಟಾಕಿ ಹತ್ರ ಕೇಳಾಕ ಬಂದ್ನಲ್ಲ, ನನ್ನ ತಪ್ಪು. ನಡಿಯೇ."

ಹುಡುಗಿ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. "ಅಕ್ಕಾ, ಆಪರೇಶನ್ ಭಾಳ ನೋಯ್ತದಾ?"

"ಅದು ಬೇಗ ಮಾಯ್ತದೆ," ಎಂದಳು ನಾಗವೇಣಿ.

ಹೊರಗಿನಿಂದ ತಾಯಿ ರಟ್ಟೆ ಹಿಡಿದು ಎಳೆದಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆಗೆ ಹೋದರು.